ಆಟಿಯ ಮಳೆಯಲ್ಲಿ ಸುಲ್ಕಾಟಾ: ಆಮೆ ಸಾಕಿದ ನನ್ನ ಅನುಭವ

ಈ ವರ್ಷದ ಆಟಿಯೂ (ಜುಲೈ-ಆಗಸ್ಟಿನ ತುಳು ತಿಂಗಳು) ಕಳೆಯಿತು. ನನ್ನ ಮೂರು ಸುಲ್ಕಾಟಾ ಆಮೆಗಳಲ್ಲಿ ಒಂದಕ್ಕೂ ಮೂಗು ಸೋರಲಿಲ್ಲ, ಒಂದೂ ಮೇವು ಬಿಡಲಿಲ್ಲ. ದೊಡ್ಡದು ಹನ್ನೆರಡು ಕಿಲೋ ದಾಟಿದೆ, ಚಿಪ್ಪು ನುಣ್ಣಗೆ ಉಂಟು. "ಆಫ್ರಿಕದ ಮರಳುಗಾಡಿನ ಪ್ರಾಣಿ ನಮ್ಮ ಕಾಸರಗೋಡಿನ ಮಳೆಗೆ ಬಾಳುವುದುಂಟಾ ಮಾರಾಯ?" ಎಂದು ಕೇಳದವರು ಪೆರ್ಲದ ಆಸುಪಾಸಿನಲ್ಲಿ ಯಾರೂ ಉಳಿದಿಲ್ಲ. ಮರಿ ಕೊಟ್ಟವರಿಗೇ ನಂಬಿಕೆ ಇರಲಿಲ್ಲ. ಈ ಆಮೆಯ ಮೂಲನೆಲೆಯಾದ ಆಫ್ರಿಕದ ಸಾಹೇಲಿನಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ಜೂನಿನ ಒಂದು ವಾರದಲ್ಲಿ ಬೀಳುವುದುಂಟು, ಹಾಗಾಗಿ ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಆಗುತ್ತದೆ. ಹೇಗೆ ಆಯಿತು ಎಂದು ಆಮೆ ಸಾಕಿ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ಬಿಸಿಲಿನ ಯುವಿಬಿ ಕಿರಣ ಎಂದರೇನು, ಬಾಸ್ಕಿಂಗ್ ಎಂಬ ಬಿಸಿ ಕಾಯುವಿಕೆ ಎಂದರೇನು ಎಂಬ ಪಾಠ ಇಲ್ಲಿಲ್ಲ.

ಮೊದಲು ಕಾಗದಪತ್ರದ ಮಾತು, ಏಕೆಂದರೆ ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ನನ್ನವು ಪರದೇಶದ ಜಾತಿಯವು. 2020ರಲ್ಲಿ ಕೇಂದ್ರ ಸರಕಾರ ಸ್ವಯಂಘೋಷಣೆಗೆ ಅವಕಾಶ ಕೊಟ್ಟಾಗ ಬರೆಸಿದೆ, 2024ರ ನಿಯಮ ಬಂದ ಮೇಲೆ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಗೆ ಹಾಕಿದೆ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಅದು ಒಂದನೇ ಪಟ್ಟಿಗೆ ಸೇರಿದೆ, ಸಿಕ್ಕಿಬಿದ್ದರೆ ಜೈಲು. "ಅದೃಷ್ಟಕ್ಕೆ ಒಂದು ತರಿಸಿಕೊಡಿ" ಎಂದು ನನ್ನಲ್ಲಿ ಕೇಳಿದವರಿದ್ದಾರೆ. ಅಂಥವರನ್ನು ಜಗಲಿಯಿಂದಲೇ ಕಳಿಸಿದ್ದೇನೆ.

ಆರಂಭದಲ್ಲಿ ನಾಲ್ಕು ಮರಿ ತಂದದ್ದು. ಒಂದಕ್ಕೆ ಎಂಟೊಂಬತ್ತು ಸಾವಿರ ಬಿತ್ತೆಂದು ನೆನಪು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು, ನಲವತ್ತು ಗ್ರಾಮ್ ಆಚೀಚೆ. ಅಂಗಡಿಯವರ ಸಲಹೆ ಒಂದೇ: "ಒಣಗಿಸಿ ಇಡಿ, ನೀರು ತಾಗಿಸಬೇಡಿ." ಅದರಂತೆ ಗಾಜಿನ ತೊಟ್ಟಿ, ಅಡಿಗೆ ಒಣ ಹೊಯ್ಗೆ (ಮರಳು), ಮೇಲೆ ಬಲ್ಬು, ಡಬ್ಬದ ಪೆಲೆಟ್ (ಗುಳಿಗೆಯಂಥ ಮೇವು), ಪೇಟೆಯ ಲೆಟ್ಯೂಸು, ಸೌತೆಕಾಯಿ. ತೊಟ್ಟಿ, ದೀಪ, ಶಾಖ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಎಲ್ಲ ಸೇರಿ ಹದಿನೈದು ಸಾವಿರ. ಪೊಟ್ಟಣದಲ್ಲಿ ಬರುವ ಹೊರದೇಶದ ಟಿಮೋಥಿ ಹುಲ್ಲು ಕಿಲೋಗೆ ಏಳುನೂರು ಎಂಟುನೂರು. ಅದನ್ನು ಮರಿಗಳು ಮೂಸಿಯೂ ನೋಡಲಿಲ್ಲ, ಕೊನೆಗೆ ನಮ್ಮ ದನ ತಿಂದಿತು.

ಏಳೆಂಟು ತಿಂಗಳಲ್ಲಿ ಚಿಪ್ಪಿನ ಒಂದೊಂದು ಬಿಲ್ಲೆಯೂ ಮೇಲೆದ್ದು ಗುಬ್ಬಿ ಕಟ್ಟಲು ಶುರುವಾಯಿತು. ಪ್ರೋಟೀನು ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಕೆಲವರು ಹೇಳಿದರು. ಮಾಡಿದೆ, ಗುಬ್ಬಿ ಏರುವುದು ನಿಲ್ಲಲಿಲ್ಲ. ಆ ಮಳೆಗಾಲದಲ್ಲಿ ಕರೆಂಟು ಹೋದ ಒಂದು ರಾತ್ರಿಯ ನಂತರ ಒಂದು ಮರಿ ಕತ್ತು ಚಾಚಿ ಬಾಯಿ ಬಿಡಲು ಹಿಡಿಯಿತು. ಮೂಗಲ್ಲಿ ಗುಳ್ಳೆ. ಮಂಗಳೂರಿಗೆ ಕೊಂಡೊಯ್ದು ಮುಂಗಾಲಿಗೆ ಇಂಜೆಕ್ಷನ್ ಕೊಡಿಸಿದೆ, ಕಾರಿನ ಬಾಡಿಗೆಯೇ ಸಾವಿರಾರು ರೂಪಾಯಿ. ಅದು ಉಳಿಯಲಿಲ್ಲ. ಮೊದಲ ಎರಡು ವರ್ಷದಲ್ಲಿ ಒಟ್ಟು ಅರುವತ್ತು ಸಾವಿರಕ್ಕೆ ಕಡಿಮೆ ಇಲ್ಲದಂತೆ ಹೋಗಿದೆ. ದೊಡ್ಡಪ್ಪ ಅದೇ ದುಡ್ಡಿಗೆ ಒಂದು ಒಳ್ಳೆಯ ಗಬ್ಬದ ದನ ಬರುತ್ತಿತ್ತು ಎಂದರು. ಲೆಕ್ಕ ಸರಿಯೇ.

ಆಮೇಲೆ ಓದಿದ್ದು: 2003ರಲ್ಲೇ ವಿಯೆನ್ನಾದ ಸಂಶೋಧಕರು ಇದೇ ಸುಲ್ಕಾಟಾ ಮರಿಗಳ ಮೇಲೆ ಪ್ರಯೋಗ ಮಾಡಿ, ಗುಬ್ಬಿ ಏಳುವುದರಲ್ಲಿ ಪ್ರೋಟೀನಿಗಿಂತ ಒಣ ಗಾಳಿಯ ಪಾತ್ರವೇ ದೊಡ್ಡದು ಎಂದು ತೋರಿಸಿದ್ದರು. ಮರುಭೂಮಿಯ ಅಂಚಿನಲ್ಲಿ ಹುಟ್ಟಿದರೂ ಮರಿ ಹಗಲಿಡೀ ಬಿಸಿಲಿಗೆ ಒಣಗುವುದಿಲ್ಲ, ಬಿಲದ ತಂಪು ತೇವದಲ್ಲಿ ಬೆಳೆಯುತ್ತದೆ. ಹಾಗಿದ್ದರೆ ನಮ್ಮ ಊರಿನ ಗಾಳಿ ಅದಕ್ಕೆ ವರ! ಕೊಲ್ಲುವುದು ತೇವ ಅಲ್ಲ, ತೇವದ ಜತೆಗೆ ಬರುವ ರಾತ್ರಿಯ ಚಳಿ. ಆಟಿಯಲ್ಲಿ ನಮ್ಮಲ್ಲಿ ರಾತ್ರಿ ಇಪ್ಪತ್ತೆರಡು ಇಪ್ಪತ್ತಮೂರು ಡಿಗ್ರಿಗೆ ಇಳಿಯುತ್ತದೆ. ನಮಗೆ ಅದು ಹಿತ, ಮೈ ಒದ್ದೆಯಾದ ಸುಲ್ಕಾಟಾಕ್ಕೆ ಅಲ್ಲ. ಈ ಒಂದು ಮಾತು ಹಿಡಿದುಕೊಂಡ ಮೇಲೆ ನನ್ನಲ್ಲಿ ಮತ್ತೆ ಒಂದೂ ಸಾಯಲಿಲ್ಲ.

ಗಾಜಿನ ತೊಟ್ಟಿ ಮಾರಿದೆ. ರಾತ್ರಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೂಡು ಕಟ್ಟಿಸಿದೆ, ಐದಡಿಗೆ ನಾಲ್ಕಡಿ, ಎತ್ತರ ಎರಡೂವರೆ. ಒಳಗೋಡೆಗೆ ಪ್ಲೈವುಡ್ಡು. ಕಲ್ಲಿಗೂ ಪ್ಲೈವುಡ್ಡಿಗೂ ನಡುವೆ ಮೀನಿನ ಥರ್ಮೋಕೋಲ್ ಪೆಟ್ಟಿಗೆ ಒಡೆದು ತುಂಬಿದ್ದು. ಥರ್ಮೋಕೋಲ್ ಆಮೆಯ ಬಾಯಿಗೆ ಸಿಗಲೇಬಾರದು, ಸಿಕ್ಕಿದರೆ ತಿನ್ನುತ್ತದೆ, ಕರುಳು ಕಟ್ಟುತ್ತದೆ. ನೂರು ವಾಟಿನ ಸೆರಾಮಿಕ್ ಹೀಟರು ಥರ್ಮೋಸ್ಟಾಟಿಗೆ, ಇಪ್ಪತ್ತೆಂಟಕ್ಕೆ ಕೂರಿಸಿದ್ದು. ಮರಿಗಳಿರುವಾಗ ಅಡಿಗೆ ತೆಂಗಿನ ನಾರಿನ ಹುಡಿ, ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು. ಈಗ ದೊಡ್ಡವಕ್ಕೆ ಒಣ ಬೈಹುಲ್ಲೇ ಸಾಕು. ಅಡಿಕೆ ಸಿಪ್ಪೆ ಹಾಕಿ ನೋಡಿದೆ, ಪುಕ್ಕಟೆ ಸಿಗುತ್ತದಲ್ಲ ಎಂದು. ಎರಡು ವಾರದಲ್ಲಿ ಬೂಸ್ಟು ಹಿಡಿದು ಗೂಡಿಡೀ ವಾಸನೆ.

ಕರೆಂಟಿನ ಮಾತು ಇದೆಯಲ್ಲ. ಗಾಳಿಮಳೆಗೆ ಮರ ಬಿದ್ದರೆ ನಮ್ಮ ಕಡೆ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ಕರೆಂಟು ಇಲ್ಲ. ಇನ್‌ವರ್ಟರಿಗೆ ಹೀಟರು ಎಳೆಯಲು ಹೋದರೆ ಬ್ಯಾಟರಿ ಬೇಗನೆ ಕೈಕೊಡುತ್ತದೆ. ನಾನು ಮಾಡುವುದು ಇಷ್ಟೇ: ಬಚ್ಚಲಿನ ಹಂಡೆಯ ನೀರು ಇಪ್ಪತ್ತು ಲೀಟರಿನ ಎರಡು ಕ್ಯಾನಿಗೆ ತುಂಬಿಸಿ, ಗೋಣಿ ಸುತ್ತಿ ಗೂಡಿನ ಮೂಲೆಗಳಲ್ಲಿ ಇಡುವುದು. ಗೋಡೆಯೊಳಗಿನ ಥರ್ಮೋಕೋಲ್ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಜಾವದವರೆಗೂ ಇಪ್ಪತ್ತಾರರ ಕೆಳಗೆ ಹೋದದ್ದು ನಾನು ಕಂಡಿಲ್ಲ. ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ನಮ್ಮ ಹಂಡೆಯೇ ಹೆಚ್ಚು ಕೆಲಸ ಮಾಡಿತು ಎಂದು ಹೇಳಲು ನನಗೆ ಹೆಮ್ಮೆ.

ಇನ್ನು ಮೇವು. ಸುಲ್ಕಾಟಾ ಹುಲ್ಲು ತಿನ್ನುವ ಪ್ರಾಣಿ. ಹತ್ತರಲ್ಲಿ ಎಂಟೊಂಬತ್ತು ಪಾಲು ಹುಲ್ಲೇ ಆಗಬೇಕು, ಉಳಿದದ್ದು ಸೊಪ್ಪು, ಹೂವು. ಕಾಸರಗೋಡಿನಲ್ಲಿ ಹುಲ್ಲಿಗೆ ಬರವೇ ಎಂದು ನಗಬೇಡಿ. ಅಡಿಕೆ ತೋಟದ ಹುಲ್ಲು ಮಳೆಗಾಲದಲ್ಲಿ ಆಗುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುತ್ತೇವಲ್ಲ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಕೆಳಗಿನ ಹುಲ್ಲಿನ ಮೇಲೆ ನೀಲಿಯಾಗಿ ಕೂತಿರುತ್ತದೆ. ಒಂದು ಸಲ ಬಿಟ್ಟು ನಲವತ್ತು ದಿನಕ್ಕೆ ಮತ್ತೊಂದು ಸಲ ಬಿಡುವಾಗ ಜೂನಿನಿಂದ ಸೆಪ್ಟೆಂಬರಿನವರೆಗೆ ತೋಟ ಆಮೆಗೆ ನಿಷಿದ್ಧ. ಮೈಲುತುತ್ತಿನ ತಾಮ್ರ ಹೊಟ್ಟೆ ಸೇರಬಾರದು. ಹಾಗಾಗಿ ತೋಟದಿಂದ ದೂರ, ಗುಡ್ಡೆಯ ಬದಿಯಲ್ಲಿ ಐದು ಸೆಂಟ್ಸು ಜಾಗ ಮೇವಿಗೆಂದೇ ಬೇಲಿ ಹಾಕಿ ಬಿಟ್ಟೆ. ಗರಿಕೆ, ಗಿನಿ ಹುಲ್ಲು, ಬೇಲಿಗೆ ದಾಸವಾಳ, ಹಿಪ್ಪುನೇರಳೆ, ಒಂದು ಮೂಲೆಗೆ ಪಾಪಸುಕಳ್ಳಿ. ಡೈರಿಯವರು ಕೊಂಡಾಡುವ ಕೋ-3 ಎಂಬ ಮೇವಿನ ಹುಲ್ಲು ಕೂಡ ನೆಟ್ಟಿದ್ದೆ. ಅದರ ಎಳೆ ಚಿಗುರಿನಲ್ಲಿ ಆಕ್ಸಲೇಟು ಹೆಚ್ಚು, ಬೆಳೆದ ಮೇಲೆ ಗರಗಸದ ಹಾಗೆ ಬಾಯಿ ಕೊಯ್ಯುತ್ತದೆ. ಈಗ ದನಕ್ಕೆ ಮಾತ್ರ.

ಆಕ್ಸಲೇಟು ಎಂದೆನಲ್ಲ, ನಮ್ಮ ಹಿತ್ತಿಲಿನ ತೊಂದರೆಯೇ ಅದು. ಬಸಳೆ ಚಪ್ಪರ ಇಲ್ಲದ ಮನೆ ಇಲ್ಲ, ಹರಿವೆ ಇಲ್ಲದ ಹಿತ್ತಿಲಿಲ್ಲ. ಎರಡನ್ನೂ ಆಮೆ ಆಸೆಯಿಂದ ತಿನ್ನುತ್ತದೆ, ಎರಡೂ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಹಿಡಿದುಕೊಂಡು ಚಿಪ್ಪಿಗೆ ಸೇರಗೊಡುವುದಿಲ್ಲ. ತಿಂಗಳಿಗೊಮ್ಮೆ ಒಂದೆರಡು ಎಲೆ ಬಿದ್ದರೆ ಪ್ರಳಯವಾಗದು, ದಿನಾ ಕೊಡುವವರ ಆಮೆಯ ಚಿಪ್ಪು ಒತ್ತಿ ನೋಡಿ. ಕೆಸು ಹತ್ತಿರ ಸುಳಿಯಬಾರದು. ನಾಚಿಕೆಮುಳ್ಳು ಬೇರು ಸಹಿತ ಕಿತ್ತು ಹೊರಗೆ. ನುಗ್ಗೆ ಸೊಪ್ಪು ವಾರಕ್ಕೊಂದು ಹಿಡಿ ಒಳ್ಳೆಯದು.

ಪೆಲೆಟ್ಟಿನ ರುಚಿ ಹತ್ತಿದ ಮರಿಗೆ ಹುಲ್ಲು ಹಿಡಿಸುವುದೇ ದೊಡ್ಡ ಕೆಲಸ. ಗರಿಕೆಯನ್ನು ಅರ್ಧ ಇಂಚಿಗೆ ಕೊಚ್ಚಿ, ಒದ್ದೆ ಮಾಡಿ, ದಾಸವಾಳದ ಎಲೆ ಅರೆದು ಕಲಸಬೇಕು. ವಾರವಾರಕ್ಕೆ ದಾಸವಾಳ ಕಡಿಮೆ ಮಾಡುತ್ತ, ಹುಲ್ಲು ಉದ್ದ ಬಿಡುತ್ತ ಹೋಗಬೇಕು. ಮೂರು ತಿಂಗಳು ಹಿಡಿಯಿತು. ಹಟ ಮಾಡುವ ಮರಿಗೆ ಹುಲ್ಲಿನ ಮೇಲೆ ನಾನು ಚಿಮುಕಿಸುವ ಒಂದು ನೀರು ಉಂಟು, ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸಿಕೊಡುತ್ತೇನೆ.

ಮಳೆಗಾಲದಲ್ಲಿ ಹಸಿ ಹುಲ್ಲು ನೀರೇ ನೀರು, ನಾರು ಸಾಲದೆ ಹಿಕ್ಕೆ ಸಡಿಲವಾಗುತ್ತದೆ. ಒಣ ಹುಲ್ಲು ಜತೆಗೆ ಬೇಕೇಬೇಕು. ಟಿಮೋಥಿಗೆ ದುಡ್ಡು ಸುರಿಯುವ ಬದಲು ಡಿಸೆಂಬರಿನಲ್ಲಿ ಗಿನಿ ಹುಲ್ಲು ಹೆರೆದು, ಅಡಿಕೆ ಒಣಹಾಕುವ ಅಂಗಳದಲ್ಲೇ ಒಣಗಿಸಿದೆ. ಮೂರು ಬಿಸಿಲು ಸಾಕು, ಹಸಿರು ಬಣ್ಣ ಉಳಿಯಬೇಕು. ಇಡುವುದು ಎಲ್ಲಿ ಎಂಬುದೇ ಪ್ರಶ್ನೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದಕ್ಕೆ ಹೊಗೆ ಹಿಡಿದು ಆಮೆಗಳು ತಿರುಗಿಯೂ ನೋಡಲಿಲ್ಲ. ಗೋಣಿಯಲ್ಲಿ ಕಟ್ಟಿಟ್ಟದ್ದು ಜುಲೈಯಲ್ಲಿ ಬೂಸ್ಟು ಬಂತು, ಇಡೀ ಸುಗ್ಗಿ ಗೊಬ್ಬರದ ಗುಂಡಿಗೆ. ಕೊನೆಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಕೆಲಸ ಮಾಡಿತು, ಹಳೆಯದು ಒಂದಕ್ಕೆ ಎಂಟುನೂರು. ಬಿಸಿಲಿನ ಮಧ್ಯಾಹ್ನ ಹುಲ್ಲು ಬಿಸಿಯಿರುವಾಗಲೇ ತುಂಬಿಸಿ ಮುಚ್ಚಳ ಬಿಗಿಯಬೇಕು. ಡ್ರಮ್ಮಿನ ತಳಕ್ಕೆ ನಾನು ಹಾಕುವ ಒಂದು ವಸ್ತುವೂ ಇದೆ, ಅದು ಸದ್ಯ ನನ್ನಲ್ಲೇ ಇರಲಿ.

ಹಣ್ಣಿನ ವಿಷಯದಲ್ಲಿ ನೆಂಟರ ಜತೆ ಜಗಳ ತಪ್ಪಲಿಲ್ಲ. ಹಲಸಿನ ಕಾಲದಲ್ಲಿ ಬಿದ್ದ ಹಣ್ಣಿನ ವಾಸನೆಗೆ ಈ ಪ್ರಾಣಿಗಳು ಬೇಲಿಯನ್ನೇ ದೂಡುತ್ತವೆ. ಅತ್ತೆ ಪ್ರೀತಿಯಿಂದ ನಾಲ್ಕು ಸೊಳೆ ಕೊಟ್ಟ ವಾರ ಮೂರಕ್ಕೂ ಬೇಧಿ. ಸಕ್ಕರೆ ಇವುಗಳ ಹೊಟ್ಟೆಗೆ ಒಗ್ಗುವುದಿಲ್ಲ. ಕುಂಬಳೆಯಿಂದ ಬಂದ ಹಿರಿಯರೊಬ್ಬರು, "ಅನಂತಪುರದ ಬಬಿಯಾ ದೇವರ ನೈವೇದ್ಯದ ಅನ್ನ ತಿಂದೇ ಅಷ್ಟು ವರ್ಷ ಇದ್ದಳಲ್ಲ, ನಿಮ್ಮ ಆಮೆಗೆ ಅನ್ನ ಯಾಕಾಗದು?" ಎಂದರು. 2022ರ ಅಕ್ಟೋಬರಿನಲ್ಲಿ ಆ ಮೊಸಳೆ ತೀರಿಕೊಂಡಾಗ ನಾನೂ ಹೋಗಿ ಕೈಮುಗಿದು ಬಂದವನು. ಆದರೆ ದೇವಸ್ಥಾನದ ಕೆರೆಯ ಮೊಸಳೆಯ ಮಾತು ಬೇರೆ, ಹುಲ್ಲು ಅರಗಿಸಲೆಂದೇ ಹುಟ್ಟಿದ ಹೊಟ್ಟೆಯ ಮಾತು ಬೇರೆ. ಅನ್ನ, ಬ್ರೆಡ್ಡು, ಹಾಲು, ನಾಯಿಯ ಬಿಸ್ಕತ್ತು ಯಾವುದೂ ನಮ್ಮಲ್ಲಿ ನಡೆಯುವುದಿಲ್ಲ.

ಕ್ಯಾಲ್ಸಿಯಂ ಪುಡಿಗೆ ಖರ್ಚು ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಳೆ ಕಳೆದ ಮೇಲೆ ಬೇಕಲದ ಕಡಲ ದಂಡೆಗೆ ಹೋದರೆ ಬಿಳೀ ಕಡಲ್‌ನಾಕ್ಕ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆ) ಬೇಕಾದಷ್ಟು ಬಿದ್ದಿರುತ್ತದೆ. ಅಂಗಡಿಯಲ್ಲಿ ಅದೇ ಒಂದು ತುಂಡಿಗೆ ನೂರು ನೂರೈವತ್ತು. ಉಪ್ಪು ಹೋಗುವಂತೆ ನಾಲ್ಕೈದು ದಿನ ನೀರು ಬದಲಿಸುತ್ತ ನೆನೆಸಿ, ಒಣಗಿಸಿ ಗೂಡಲ್ಲಿ ಇಟ್ಟರೆ ಬೇಕಾದಾಗ ತಾವೇ ಕೆರೆದು ತಿನ್ನುತ್ತವೆ.

ಸುರಂಗದ ಪ್ರಯೋಗ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಸುಲ್ಕಾಟಾ ಬಿಲ ತೋಡುವ ಪ್ರಾಣಿ, ನಾವು ನೀರಿಗೆಂದು ಗುಡ್ಡೆಗೆ ಸುರಂಗ ತೋಡುವ ಊರಿನವರು. ಬಾಯಾರು ಕಡೆಯ ಹಳೆಯ ಕೆಲಸಗಾರರೊಬ್ಬರನ್ನು ಕರೆಸಿ ಗುಡ್ಡೆಯ ಬದಿಗೆ ಒಂದು ಸಣ್ಣ ಸುರಂಗ ಕೊರೆಸಿದೆ. ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಏಳೆಂಟಡಿ ಉದ್ದ, ನೆಲ ಹೊರಗೆ ಇಳಿಜಾರು. ಕೂಲಿ ನಾಲ್ಕು ಸಾವಿರದ ಹತ್ತಿರ. "ಇಷ್ಟು ವರ್ಷ ನೀರಿಗೆ ತೋಡಿದೆ, ಆಮೆಗೆ ತೋಡುವುದು ಇದೇ ಮೊದಲು ಮಾರಾಯ್ರೆ" ಎಂದರು. ಏಪ್ರಿಲಿನ ಮಧ್ಯಾಹ್ನ ಹೊರಗೆ ಮೂವತ್ತೈದು ಮೂವತ್ತಾರು ಇದ್ದರೆ ಒಳಗೆ ಇಪ್ಪತ್ತೆಂಟು. ಮೂರೂ ತಾವಾಗಿ ಹೋಗಿ ಮಲಗುತ್ತವೆ. ಜೂನಿನಲ್ಲಿ ಮಾತ್ರ ಹಿಂದಿನ ಗೋಡೆಯಿಂದ ಒಸರು ಶುರು. ಸುರಂಗದ ಗುಣವೇ ಅದು, ನಿಲ್ಲಿಸಲು ಸಿಮೆಂಟು ಬಳಿದರೂ ಬೇರೆ ಕಡೆಯಿಂದ ಬಂತು. ಮೇ ಕೊನೆಯ ಪತ್ತನಾಜೆಗೆ ಹಲಗೆ ಹಾಕಿ ಮುಚ್ಚುತ್ತೇನೆ, ದೀಪಾವಳಿ ಕಳೆದು ತೆರೆಯುತ್ತೇನೆ.

ಅಡಿಕೆ ಹಾಳೆಯ ಪ್ರಯೋಗವೂ ಆಯಿತು. ಹೊಯ್ಗೆ ಹೊಟ್ಟೆಗೆ ಹೋಗದಿರಲೆಂದು ಹಾಳೆ ತಟ್ಟೆಯಲ್ಲಿ ಮೇವು ಹಾಕಿದರೆ ತಟ್ಟೆಯ ಅಂಚನ್ನೇ ತಿಂದವು. ದನಕ್ಕೆ ಹಾಳೆ ಕೊಚ್ಚಿ ಹಾಕುವವರಿದ್ದಾರಲ್ಲ, ಇವಕ್ಕೂ ಹಾಕಿ ನೋಡಿದೆ. ಹುಲ್ಲಿಗೆ ಬೆರೆಸಿದರೆ ತಿಂದವು, ಬರಿದೇ ಕೊಟ್ಟರೆ ಇಲ್ಲ. ಒದ್ದೆ ಹಾಳೆಗೆ ಬೂಸ್ಟು ಬೇಗ. ಬೇಸಿಗೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಸೋಲಾರ್ ಮನೆಯಲ್ಲಿ ಮಳೆಗಾಲ ಕಳೆಯಿಸಬಹುದು ಎಂದು ಒಬ್ಬರು ಹೇಳಿದರು. ಥರ್ಮಾಮೀಟರು ಮಾತ್ರ ಒಳಗಿಟ್ಟು ನೋಡಿದೆ: ಮೋಡ ಸರಿದ ಅರ್ಧ ಗಂಟೆಯಲ್ಲಿ ಐವತ್ತರ ಹತ್ತಿರ. ಮೇಲಾಗಿ ಆ ಪ್ಲಾಸ್ಟಿಕ್ ಯುವಿಬಿಯನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಗಾಜೂ ಅಷ್ಟೇ.

ಜೂನ್, ಜುಲೈಗಳಲ್ಲಿ ಬಿಸಿಲು ಕಂಡ ಹದಿನೈದು ನಿಮಿಷವೂ ಅಂಗಳಕ್ಕೆ ಬಿಡುತ್ತೇನೆ, ಉಳಿದ ಹೊತ್ತು ಯುವಿಬಿ ಟ್ಯೂಬು. ಟ್ಯೂಬಿನ ಬೆಳಕು ಕಣ್ಣಿಗೆ ಕಂಡರೂ ವರ್ಷ ಕಳೆದರೆ ಅದರ ಯುವಿಬಿ ಇಳಿದಿರುತ್ತದೆ, ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಹೊಸದು, ಎರಡೂವರೆ ಸಾವಿರ. ಈಗ ನನ್ನ ದೊಡ್ಡ ಖರ್ಚು ಅದೊಂದೇ. ಮಳೆಗಾಲದಲ್ಲಿ ಹೀಟರಿನ ಕರೆಂಟಿಗೆ ತಿಂಗಳಿಗೆ ನಾನೂರರ ಆಚೀಚೆ. ಮೇವಿಗೆ ದುಡ್ಡಿಲ್ಲ. ಗಾಳಿಯಲ್ಲಿ ತೇವ ಇದ್ದರೂ ಮರಿಗಳಿಗೆ ಉಗುರುಬೆಚ್ಚಗಿನ ನೀರಲ್ಲಿ ದಿನಾ ಹದಿನೈದು ಇಪ್ಪತ್ತು ನಿಮಿಷದ ಸ್ನಾನ ತಪ್ಪಿಸಬೇಡಿ. ನೀರು ಗಲ್ಲದ ಕೆಳಗೆ ಇರಲಿ. ಮುಗಿಸಿ ಮೈ ಒರಸಿಯೇ ಗೂಡಿಗೆ ಬಿಡಿ, ನಿಮ್ಮ ಕೈಯನ್ನೂ ಸಾಬೂನಿನಲ್ಲಿ ತೊಳೆಯಿರಿ.

ಮೂರರಲ್ಲಿ ಎರಡರ ಮೇಲೆ ಮೊದಲ ವರ್ಷದ ಗುಬ್ಬಿಯ ಗುರುತು ಚಿಪ್ಪಿನ ನೆತ್ತಿಯಲ್ಲಿ ಉಳಿದಿದೆ, ಅದು ಹೋಗುವಂಥದ್ದಲ್ಲ. ಆಮೇಲೆ ಬೆಳೆದ ಭಾಗ ಸಪಾಟು. ದೊಡ್ಡದು ಗಂಡು, ಈಗ ಬೇಲಿಗೆ ತಲೆಕೊಟ್ಟು ಗುದ್ದಲು ಹಿಡಿದಿದೆ. ಪೂರ್ತಿ ಬೆಳೆದರೆ ನಲವತ್ತು ಐವತ್ತು ಕಿಲೋ ತೂಗುವ ಪ್ರಾಣಿ, ಬಿದಿರು ಬೇಲಿ ಇನ್ನು ನಡೆಯದು. ಈ ಬೇಸಿಗೆಗೆ ಎರಡು ವರಸೆ ಮುರಕಲ್ಲಿನ ಗೋಡೆ ಕಟ್ಟಿಸಬೇಕು. ಗರಿಕೆಯ ಬೇರು, ದಾಸವಾಳದ ಗೆಲ್ಲು, ಪಾಪಸುಕಳ್ಳಿಯ ಎಲೆ ಬೇಕಾದವರು ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಮಳೆ ನಿಲ್ಲುವ ಮೊದಲು ಬನ್ನಿ, ಬೇಕಾದಷ್ಟು ಕೊಡುತ್ತೇನೆ. ಮರಿ ಕೇಳಬೇಡಿ, ಕೊಡುವುದಿಲ್ಲ.