ಲೈಡನ್ ಕಾಲ್ನಡಿಗೆ: ಮೊದಲು ದಿಬ್ಬ ಹತ್ತಿ, ಆಮೇಲೆ ನೀರು ಹಿಡಿದು ನಡೆಯಿರಿ

ಊರಿಂದ ಯಾರಾದರೂ ನೆದರ್ಲೆಂಡ್ಸ್‌ಗೆ ನಮ್ಮ ಮನೆಗೆ ಬಂದರೆ ಆಮ್‌ಸ್ಟರ್‌ಡ್ಯಾಮ್‌ಗೆ ಅವರಷ್ಟಕ್ಕೆ ಕಳಿಸಿಬಿಡುತ್ತೇನೆ. ಲೈಡನ್‌ಗೆ ಮಾತ್ರ ನಾನೇ ಜೊತೆಗೆ ಹೋಗುತ್ತೇನೆ. ಆಮ್‌ಸ್ಟರ್‌ಡ್ಯಾಮ್ ನೋಡೋಕೆ ಯಾರೂ ಬೇಕಾಗಿಲ್ಲ, ಎಲ್ಲ ಕಣ್ಣೆದುರಿಗೇ ಇದೆ. ಲೈಡನ್ ಹಾಗಲ್ಲ. ಒಂದು ಖಾಲಿ ಪಾರ್ಕ್ ಯಾಕೆ ಖಾಲಿ, ಒಂದು ಚರ್ಚಿಗೆ ಯಾಕೆ ಗೋಪುರ ಇಲ್ಲ ಅಂತ ಗೊತ್ತಿದ್ದರೇ ಅಲ್ಲಿ ನಡೆಯೋದಕ್ಕೆ ಮಜಾ.

ರೈಲಿಗೆ ಟಿಕೆಟ್ ತೊಗೊಳ್ಳೋ ರಗಳೆ ಈಗಿಲ್ಲ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಇಳಿದ ಮೇಲೆ ಮತ್ತೆ ತಾಗಿಸಲೇಬೇಕು. ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಇರಬೇಕು ಅನ್ನೋದನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ಛತ್ರಿ ಬೇಡ, ಇಲ್ಲಿನ ಗಾಳಿಗೆ ಅದು ನಿಲ್ಲಲ್ಲ. ಟೋಪಿ ಇರೋ ರೇನ್‌ಕೋಟ್ ಸಾಕು. ದಾರಿಯೆಲ್ಲ ಇಟ್ಟಿಗೆ ಹಾಸು, ಹಾಗಾಗಿ ತೆಳ್ಳಗಿನ ಚಪ್ಪಲಿಯೂ ಬೇಡ. ಸೋಮವಾರ ಹೋಗಬೇಡಿ. ಮ್ಯೂಸಿಯಂಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಅಂಗಡಿಗಳೂ ತಡವಾಗಿ ತೆರೆಯುತ್ತವೆ. ನನ್ನನ್ನು ಕೇಳಿದರೆ ಶನಿವಾರವೇ ಸರಿ.

ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಡೆ ಫಾಲ್ಕ್ ಅನ್ನೋ ಗಾಳಿ ಗಿರಣಿ ಸಿಗುತ್ತದೆ. 1743ರದ್ದು, ಇಟ್ಟಿಗೆಯ ಏಳು ಅಂತಸ್ತು. ಒಳಗೆ ಈಗ ಮ್ಯೂಸಿಯಂ. ಕೆಳಗೆ ಗಿರಣಿಯವರು ಸಂಸಾರ ಮಾಡಿದ ಮನೆ, ಮೇಲಕ್ಕೆ ಹೋದಂತೆ ಕಡಿದಾದ ಮರದ ಏಣಿಗಳು. ಮೊಣಕಾಲು ಗಟ್ಟಿ ಇರುವವರು ಹತ್ತಿ ಬರಲಿ. ಉಳಿದವರಿಗೆ ಫೋಟೋ ಸಾಕು.

ಇಲ್ಲಿಂದ ಜನ ಸಾಮಾನ್ಯವಾಗಿ ಅಂಗಡಿ ಬೀದಿಗೆ ನುಗ್ಗಿ ಅಲ್ಲೇ ಕಳೆದುಹೋಗುತ್ತಾರೆ. ನಾನು ಎಲ್ಲೂ ನಿಲ್ಲದೆ ನೇರ ಬುರ್ಖ್ಟ್‌ಗೆ ಕರೆದುಕೊಂಡು ಹೋಗುತ್ತೇನೆ. ಇದೊಂದು ಹಳೇ ಕೋಟೆ, ಸುಮಾರು ಸಾವಿರ ವರ್ಷದ ಹಿಂದೆ ಮಣ್ಣು ಹೊತ್ತು ಹಾಕಿ ಎಬ್ಬಿಸಿದ ದಿಬ್ಬದ ಮೇಲಿದೆ. ಹತ್ತೋಕೆ ದುಡ್ಡಿಲ್ಲ. ನಮ್ಮ ಅತ್ತೆ ಕೆಳಗೆ ನಿಂತು "ಇದಕ್ಕೂ ಬೆಟ್ಟ ಅಂತಾರಾ?" ಅಂದಿದ್ದರು. ಅವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು, ಹಾಗನ್ನಿಸೋದು ಸಹಜ. ಆದರೆ ಈ ದೇಶ ಎಷ್ಟು ಮಟ್ಟಸ ಅಂದರೆ ಇಷ್ಟು ಎತ್ತರಕ್ಕೇ ಇಡೀ ಹಳೇ ಪಟ್ಟಣ ಕಾಣುತ್ತದೆ.

ಮೇಲೆ ದುಂಡಗಿನ ಗೋಡೆಯ ಸುತ್ತ ಓಡಾಡೋಕೆ ಜಾಗ ಇದೆ. ಅಲ್ಲಿ ನಿಂತು ಊರಿನ ನಕ್ಷೆಯನ್ನು ಮನಸ್ಸಿಗೆ ಹಾಕಿಕೊಳ್ಳಿ. ರೈನ್ ನದಿಯ ಎರಡು ಕವಲುಗಳು, ಹಳೇ ರೈನ್ ಮತ್ತು ಹೊಸ ರೈನ್, ಈ ದಿಬ್ಬದ ಎರಡು ಪಕ್ಕದಲ್ಲಿ ಬಂದು ಸೇರುತ್ತವೆ. ಮೂಗಿನ ನೇರಕ್ಕೆ ಕಾಣೋದು ಹೋಖ್‌ಲಾಂಡ್ಸೆ ಚರ್ಚ್. ಅದರ ಒಂದು ಭಾಗ ಆಕಾಶಕ್ಕೆ ಏರಿದೆ, ಇನ್ನೊಂದು ಭಾಗ ಗಿಡ್ಡ. ಕಟ್ಟುತ್ತಾ ಕಟ್ಟುತ್ತಾ ದುಡ್ಡು ಮುಗಿಯಿತು, 16ನೇ ಶತಮಾನದಲ್ಲಿ ಕೆಲಸ ಅಲ್ಲಿಗೇ ನಿಂತಿತು. ಅರ್ಧ ಕಟ್ಟಿ ಬಿಟ್ಟ ಮನೆ ನಮಗೆ ಹೊಸದೇನಲ್ಲ ಬಿಡಿ. ದೂರದಲ್ಲಿ ಇನ್ನೊಂದು ದೊಡ್ಡ ಚಾವಣಿ ಕಾಣುತ್ತದೆ, ಗೋಪುರ ಇಲ್ಲ. ಅದು ಪೀಟರ್ಸ್ ಚರ್ಚ್. ಅದರ ಗೋಪುರ 1512ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲೇ ಇಲ್ಲ. ಈ ಎರಡು ಚಾವಣಿ, ಎರಡು ನೀರು ಗೊತ್ತಿದ್ದರೆ ಫೋನ್ ಜೇಬಿನಲ್ಲೇ ಇರಲಿ.

ಲೈಡನ್‌ನ ದೊಡ್ಡ ಕಥೆಯನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಸುತ್ತಲಿನ ಬಯಲು ಕಾಣದೆ ಅದು ಅರ್ಥ ಆಗಲ್ಲ. 1574ರ ಮೇ ತಿಂಗಳಿಂದ ಸ್ಪೇನ್ ಸೈನ್ಯ ಈ ಊರಿಗೆ ಮುತ್ತಿಗೆ ಹಾಕಿತ್ತು. ಒಳಗೆ ಕಾಳು ಮುಗಿಯಿತು. ಹಸಿವು, ಪ್ಲೇಗು. ಸಾವಿರಾರು ಜನ ಸತ್ತರು. ಸ್ಪೇನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿದ್ದ ಡಚ್ಚರು ಆಗ ತಮ್ಮದೇ ನೀರಿನ ಏರಿಗಳನ್ನು ಒಡೆದರು. ತಮ್ಮದೇ ಹೊಲ ಮುಳುಗಿಸಿದರು. ತಳ ಚಪ್ಪಟೆ ಇರೋ ದೋಣಿಗಳಲ್ಲಿ ಆ ಹೊಲಗಳ ಮೇಲೇ ದಂಡು ಹೊರಟಿತು. ಆದರೆ ನೀರು ಸಾಕಾಗಲಿಲ್ಲ, ದೋಣಿಗಳು ನಡುವೆಯೇ ನಿಂತವು. ವಾರಗಟ್ಟಲೆ ಕಾದ ಮೇಲೆ ಬಿರುಗಾಳಿ ಬೀಸಿ ಸಮುದ್ರದ ನೀರನ್ನು ಒಳಗೆ ತಳ್ಳಿತು. ಸ್ಪೇನಿನವರು ರಾತ್ರೋರಾತ್ರಿ ಜಾಗ ಬಿಟ್ಟರು. ಅಕ್ಟೋಬರ್ 3ರ ಬೆಳಿಗ್ಗೆ ದೋಣಿಗಳು ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ ಹೊತ್ತು ಊರೊಳಗೆ ಬಂದವು. ಮುಂದಿನ ವರ್ಷ, 1575ರಲ್ಲಿ, ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್ ಇಲ್ಲಿ ವಿಶ್ವವಿದ್ಯಾಲಯ ಶುರು ಮಾಡಿಸಿದ.

ದಿಬ್ಬ ಇಳಿದರೆ ಹೊಸ ರೈನ್ ದಂಡೆ. ಬುಧವಾರ, ಶನಿವಾರ ನೀರಿನ ಎರಡೂ ಕಡೆ ಸಂತೆ. ನಡುವೆ ಕೋರ್ನ್ ಸೇತುವೆ. ಕಂಬ, ಚಾವಣಿ ಎಲ್ಲ ಇರೋ ಸೇತುವೆ ಅದು. ಇಲ್ಲಿ ಧಾನ್ಯದ ವ್ಯಾಪಾರ ನಡೆಯುತ್ತಿತ್ತು, ಮಳೆಗೆ ಕಾಳು ನೆನೆಯಬಾರದು ಅಂತ 19ನೇ ಶತಮಾನದಲ್ಲಿ ಚಾವಣಿ ಹಾಕಿದರು. ಈಗ ಮಳೆ ಬಂದರೆ ನಾವು ನಿಲ್ಲುತ್ತೇವೆ.

ಸಂತೆಯಲ್ಲಿ ತಿನ್ನೋಕೆ ಏನು ಅಂತ ನಮ್ಮವರು ಕೇಳಿಯೇ ಕೇಳುತ್ತಾರೆ. ಮೀನು ತಿನ್ನುವವರಿಗೆ ಈರುಳ್ಳಿ ಹಾಕಿದ ಹೆರಿಂಗ್ ಇದೆ. ಅದು ಬೇಯಿಸಿದ್ದಲ್ಲ, ಉಪ್ಪು ಹಾಕಿಟ್ಟ ಹಸಿ ಮೀನು. ಮುಂಚೆಯೇ ಹೇಳಿ. ತಿನ್ನದವರಿಗೆ ಲೈಡನ್ ಚೀಸ್. ಅದರೊಳಗೆ ಜೀರಿಗೆ ಇರುತ್ತದೆ! ಮೊದಲ ತುಂಡು ಬಾಯಿಗೆ ಹಾಕಿದಾಗ ನಮ್ಮ ಕಡೆಯವರ ಮುಖ ನೋಡಬೇಕು. ಹಳೇ ಪದ್ಧತಿಯ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋದನ್ನು ಹಾಕುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಕೊಂಡೇ ಕೊಳ್ಳಿ. ರೈತರು ಮಾಡಿದ ಚೀಸ್ ಆದರೆ ಸಿಪ್ಪೆಯ ಮೇಲೆ ಅಡ್ಡಡ್ಡ ಎರಡು ಬೀಗದ ಕೈಗಳ ಮುದ್ರೆ ಇರುತ್ತದೆ. ಅದೇ ಊರಿನ ಲಾಂಛನ, ಸಂತ ಪೀಟರ್‌ನ ಬೀಗದ ಕೈ. ಮಕ್ಕಳು ಜೊತೆಗಿದ್ದರೆ ಇದನ್ನು ಹುಡುಕೋ ಕೆಲಸ ಕೊಡಿ. ಬಾವುಟ, ಗೇಟು, ಗೋಡೆ, ಎಲ್ಲೆಲ್ಲೂ ಸಿಗುತ್ತದೆ. ಕಾಲು ನೋವು ಅನ್ನೋದು ಮರೆತೇ ಹೋಗುತ್ತದೆ.

ಮುಖ್ಯ ರಸ್ತೆ ದಾಟುವಾಗ ಟೌನ್ ಹಾಲ್ ಮುಂಭಾಗ ನೋಡಿ. 1929ರ ಬೆಂಕಿಯಲ್ಲಿ ಹಿಂಬದಿಯ ಕಟ್ಟಡ ಸುಟ್ಟಿತು, ಮುಂಭಾಗ ಮಾತ್ರ ಉಳಿಯಿತು. ಆಮೇಲೆ ಗಲ್ಲಿಗಳಲ್ಲಿ ನುಸುಳಿ ಪೀಟರ್ಸ್ ಚರ್ಚ್‌ಗೆ ಬನ್ನಿ. ಎದುರಿಗೇ ಒಂದು ಸಣ್ಣ ಬಾಗಿಲು. ತಳ್ಳಿದರೆ ಒಳಗೆ ಅಂಗಳ, ಹೂವು, ಸುತ್ತ ಪುಟ್ಟ ಮನೆಗಳು. ಇವಕ್ಕೆ ಹಾಫ್ಯೆ ಅಂತಾರೆ. ಅನುಕೂಲಸ್ಥರು ಬಡ ವೃದ್ಧರಿಗೆ ಅಂತ ಕಟ್ಟಿಸಿದ ವಠಾರಗಳು, ಲೈಡನ್‌ನಲ್ಲಿ 35 ಇವೆ. ಈಗಲೂ ಜನ ವಾಸ ಇದ್ದಾರೆ. ಹಾಗಾಗಿ ಜೋರಾಗಿ ಮಾತಾಡಬೇಡಿ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ, ಬಾಗಿಲು ಮುಚ್ಚಿದ್ದರೆ ಮುಂದೆ ನಡೆಯಿರಿ. ಚರ್ಚ್ ಎದುರಿನದು ಯಾನ್ ಪೆಸೈನ್ ಹೆಸರಿನದು, 1683ರದ್ದು. ಇದೇ ಜಾಗದಲ್ಲಿ ಮುಂಚೆ ಜಾನ್ ರಾಬಿನ್ಸನ್ ಅನ್ನೋ ಇಂಗ್ಲಿಷ್ ಪಾದ್ರಿಯ ಮನೆ ಇತ್ತು. ಇಂಗ್ಲೆಂಡಿನಲ್ಲಿ ತಮ್ಮ ನಂಬಿಕೆಗೆ ಜಾಗ ಸಿಗದೆ ಬಂದ ಅವನ ಗುಂಪು 1609ರಿಂದ ಲೈಡನ್‌ನಲ್ಲಿತ್ತು. 1620ರಲ್ಲಿ ಅವರಲ್ಲಿ ಕೆಲವರು ಮೇಫ್ಲವರ್ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ರಾಬಿನ್ಸನ್ ಇಲ್ಲೇ ಉಳಿದ, ಇದೇ ಚರ್ಚಿನಲ್ಲಿ ಮಣ್ಣಾದ.

ಇಲ್ಲಿಂದ ಎರಡು ಹೆಜ್ಜೆಗೆ ರಾಪನ್‌ಬುರ್ಖ್ ಕಾಲುವೆ. ನನ್ನ ಲೆಕ್ಕದಲ್ಲಿ ಊರಿನ ಅತಿ ಚೆಂದದ ಬೀದಿ ಇದೇ, ಇದರ ಎರಡೂ ದಂಡೆ ನಡೆಯಬೇಕು. ವಿಶ್ವವಿದ್ಯಾಲಯದ ಹಳೇ ಕಟ್ಟಡ ಇರೋದು ಇಲ್ಲಿ. ಅದರ ಹಿಂದೆ ಗಿಡಮರಗಳ ತೋಟ ಹೋರ್ಟಸ್, 1590ರಲ್ಲಿ ಶುರುವಾದದ್ದು. ಡಚ್ಚರಿಗೆ ಟ್ಯುಲಿಪ್ ಹುಚ್ಚು ಹತ್ತುವ ಮುಂಚೆಯೇ ಕ್ಲೂಸಿಯಸ್ ಅನ್ನೋ ಸಸ್ಯಶಾಸ್ತ್ರಜ್ಞ ಇಲ್ಲಿ ಟ್ಯುಲಿಪ್ ಬೆಳೆಸಿದ್ದ. ಒಳಗೆ ಹೋಗೋಕೆ ಟಿಕೆಟ್ ಇದೆ. ದಣಿದವರಿಗೆ ಅಲ್ಲಿ ಕೂತು ಸುಧಾರಿಸಿಕೊಳ್ಳೋದೇ ಒಂದು ಸುಖ.

ಕಾಲುವೆ ಗುಂಟ ಸ್ವಲ್ಪ ಮುಂದೆ ಹೋದರೆ ಸಾಲು ಮನೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ಪಾರ್ಕ್. ಹೆಚ್ಚಿನವರು ಇದನ್ನು ಸುಮ್ನೆ ದಾಟಿ ಹೋಗುತ್ತಾರೆ. 1807ರ ಜನವರಿ 12ರಂದು ಇಲ್ಲಿ ಕಟ್ಟಿಹಾಕಿದ್ದ, ಸಿಡಿಮದ್ದು ತುಂಬಿದ ದೋಣಿ ಸಿಡಿಯಿತು. ಸುಮಾರು 150 ಜನ ಸತ್ತರು, ಅಕ್ಕಪಕ್ಕದ ಕೇರಿಗಳೇ ನೆಲಸಮ ಆದವು. ಖಾಲಿಯಾದ ಜಾಗದಲ್ಲಿ ಒಂದು ಕಡೆ ಪಾರ್ಕ್ ಆಯಿತು, ಎದುರು ದಂಡೆಯಲ್ಲಿ ಪ್ರಯೋಗಾಲಯ ಎದ್ದಿತು. ಆ ಪ್ರಯೋಗಾಲಯದಲ್ಲೇ ಕಾಮರ್ಲಿಂಗ್ ಓನೆಸ್ ಅನ್ನೋ ಭೌತವಿಜ್ಞಾನಿ 1908ರಲ್ಲಿ ಹೀಲಿಯಂ ಅನಿಲವನ್ನು ಮೈನಸ್ 269 ಡಿಗ್ರಿಯ ಹತ್ತಿರಕ್ಕೆ ತಣಿಸಿ ದ್ರವ ಮಾಡಿದ್ದು. 1911ರಲ್ಲಿ ಸೂಪರ್‌ಕಂಡಕ್ಟಿವಿಟಿ, ಅಂದರೆ ಅತಿ ತಂಪಿನಲ್ಲಿ ವಿದ್ಯುತ್ ತಡೆಯಿಲ್ಲದೆ ಹರಿಯೋ ಗುಣ, ಸಿಕ್ಕಿದ್ದೂ ಅಲ್ಲೇ. ಈಗ ಆ ಕಟ್ಟಡದಲ್ಲಿ ಕಾನೂನು ಓದುತ್ತಾರೆ. ಇಂಜಿನಿಯರ್ ಅಳಿಯಂದಿರು ಬಂದರೆ ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅನ್ನೋದು ನನ್ನ ಅನುಭವ.

ನಡೆಯುವಾಗ ಗೋಡೆಗಳ ಮೇಲೂ ಕಣ್ಣಿರಲಿ. ನೂರಕ್ಕೂ ಹೆಚ್ಚು ಕವಿತೆಗಳನ್ನು ಅವವೇ ಭಾಷೆ, ಅವವೇ ಲಿಪಿಯಲ್ಲಿ ದೊಡ್ಡದಾಗಿ ಬರೆದಿದ್ದಾರೆ. 1992ರಲ್ಲಿ ಬರೆದ ಮೊದಲನೆಯದು ರಷ್ಯನ್. ಈಚೆಗೆ ಭೌತಶಾಸ್ತ್ರದ ಸೂತ್ರಗಳೂ ಸೇರಿವೆ. ಆದರೆ ಮೇಲೆ ನೋಡುತ್ತಾ ಸೈಕಲ್ ದಾರಿಗೆ ಮಾತ್ರ ಇಳಿಯಬೇಡಿ. ಇಲ್ಲಿನವರು ಬೆಲ್ ಹೊಡೆಯುತ್ತಾರೆ, ಬ್ರೇಕ್ ಹಾಕೋದು ಆಮೇಲೆ.

ವಾಪಸ್ಸು ಬರುವಾಗ ರಾಪನ್‌ಬುರ್ಖ್‌ನ ಇನ್ನೊಂದು ದಂಡೆ ಹಿಡಿಯಿರಿ. ಪುರಾತನ ವಸ್ತುಗಳ ಮ್ಯೂಸಿಯಂ ಸಿಗುತ್ತದೆ. ಅಸ್ವಾನ್ ಅಣೆಕಟ್ಟಿನ ನೀರಿನಿಂದ ಸ್ಮಾರಕಗಳನ್ನು ಉಳಿಸೋಕೆ ನೆರವಾದದ್ದಕ್ಕೆ ಈಜಿಪ್ಟ್ ಕೊಟ್ಟ ತಾಫೆ ಗುಡಿ ಅದರ ಹಜಾರದಲ್ಲೇ ನಿಂತಿದೆ. ಮ್ಯೂಸಿಯಂ ಪೂರ್ತಿ ನೋಡೋದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ನಡಿಗೆಯ ದಿನ ಮ್ಯೂಸಿಯಂ ಸೇರಿಸಿದರೆ ಎರಡೂ ಹಾಳು. ಕೊನೆಗೆ ವೆಡ್ಡೆಸ್ಟೇಖ್ ಗಲ್ಲಿ. 1606ರಲ್ಲಿ ಚಿತ್ರಕಾರ ರೆಂಬ್ರಾಂಟ್ ಹುಟ್ಟಿದ್ದು ಇಲ್ಲಿ, ಗಿರಣಿಯವನ ಮಗನಾಗಿ. ಮನೆ ಈಗಿಲ್ಲ, ಗೋಡೆಗೆ ಒಂದು ಫಲಕ ಇದೆ ಅಷ್ಟೆ. ಪಕ್ಕದಲ್ಲೇ 1669ರ ಮೋರ್ಸ್ ಬಾಗಿಲು, ಊರಿಗೆ ಉಳಿದಿರೋ ಎರಡು ಹಳೇ ಹೆಬ್ಬಾಗಿಲುಗಳಲ್ಲಿ ಒಂದು. ಅಲ್ಲಿಂದ ಸ್ಟೇಷನ್ ಹತ್ತು ನಿಮಿಷ.

ಅಕ್ಟೋಬರ್ 3ರಂದು ಈ ನಡಿಗೆ ಇಟ್ಟುಕೊಳ್ಳಬೇಡಿ. ಮುತ್ತಿಗೆ ಬಿಟ್ಟ ದಿನದ ಹಬ್ಬ ಅದು. ಜಾತ್ರೆ, ಮೆರವಣಿಗೆ ಅಂತ ಕಾಲಿಡೋಕೆ ಜಾಗ ಇರಲ್ಲ. ಊರಿನವರಿಗೆ ಹೆರಿಂಗ್ ಮತ್ತು ಬಿಳಿ ಬ್ರೆಡ್ ಹಂಚುತ್ತಾರೆ. ಮನೆಮನೆಯಲ್ಲಿ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಬೇಯಿಸಿ ಮಸೆದು ಹುಟ್ಸ್‌ಪಾಟ್ ಮಾಡುತ್ತಾರೆ. ಅದನ್ನು ನೋಡೋಕೇ ಅಂತ ಹೋಗೋದಾದರೆ ಹೋಗಿ. ಅವತ್ತು ಭಾನುವಾರ ಬಿದ್ದರೆ ಹಬ್ಬ 4ಕ್ಕೆ.