ವೀಲ್ ನಟ್ಟು ಪದೇ ಪದೇ ಲೂಸ್ ಆಗ್ತಿದ್ರೆ ಬಿಗಿ ಮಾಡೋದ್ ನಿಲ್ಸಿ, ಮೊದ್ಲು ವೀಲ್ ಬಿಚ್ಚಿ

ಹಾಟ್ ರಾಡ್ ಅಂದ್ರೆ ಅಮೆರಿಕದವ್ರು 1932ರ ಫೋರ್ಡ್ ತರದ ಹಳೇ ಕಾರಿಗೆ ದೊಡ್ಡ ಇಂಜಿನ್ನು, ಬೇರೆ ಆಕ್ಸಲ್ಲು, ಬೇರೆ ಬ್ರೇಕು ಹಾಕಿ ಓಡ್ಸೋ ಗಾಡಿ. ಹಬ್ (ವೀಲ್ ಕೂರೋ ಮಧ್ಯದ ಭಾಗ) ಒಂದು ಕಾಲದ್ದು, ಡ್ರಮ್ (ಬ್ರೇಕ್ ಹಿಡಿಯೋ ಬಟ್ಟಲಿನಂಥ ಭಾಗ, ವೀಲ್ ಇದರ ಮುಖಕ್ಕೇ ಅಂಟಿ ಕೂರತ್ತೆ) ಇನ್ನೊಂದು ಕಾಲದ್ದು, ವೀಲು ಕ್ಯಾಟಲಾಗ್ ನೋಡಿ ತರಿಸಿದ್ದು, ನಟ್ಟು ಹೊಳೀತಿದೆ ಅಂತ ತಗೊಂಡಿದ್ದು, ಈ ನಾಲ್ಕೂ ಒಂದಕ್ಕೊಂದು ಕೂರುತ್ತಾ ಅಂತ ಯಾವ ಫ್ಯಾಕ್ಟರೀಲೂ ಯಾರೂ ಅಳತೆ ನೋಡಿರಲ್ಲ. ಅದಕ್ಕೇ ಈ ಗಾಡಿಗಳಲ್ಲಿ ಎಷ್ಟು ಬಿಗಿ ಮಾಡಿದ್ರೂ ನಾಲ್ಕು ದಿನಕ್ಕೆ ಮತ್ತೆ ನಟ್ಟು ಸಡಿಲ ಆಗಿರತ್ತೆ.

ಯಾಕೆ ಹಿಂಗಾಗತ್ತೆ ಅಂತ ಸ್ವಲ್ಪ ನೋಡಣ. ನಟ್ಟು ಬಿಗಿ ಮಾಡ್ದಾಗ ಸ್ಟಡ್, ಅಂದ್ರೆ ಹಬ್ಬಿಂದ ಹೊರಗೆ ಚಾಚಿರೋ ಬೋಲ್ಟು, ಸ್ವಲ್ಪ ಹಿಗ್ಗತ್ತೆ, ಆ ಎಳೆತಾನೇ ವೀಲನ್ನ ಹಬ್ ಮುಖಕ್ಕೆ ಅದುಮಿ ಹಿಡ್ಕೊಳೋದು, ಅದುಮಿ ಕೂತ ಆ ಎರಡು ಮುಖಗಳ ಹಿಡಿತದ ಮೇಲೇನೇ ಗಾಡಿ ಭಾರ ನಿಂತಿರತ್ತೆ. ಬೋಲ್ಟಿಗೆ ಅಡ್ಡಡ್ಡ ಅಲುಗಾಟ ಸಿಕ್ರೆ ಅದು ತಾನಾಗೇ ತಿರುಗಿ ಬಿಚ್ಕೊಳತ್ತೆ ಅಂತ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗ ಮಾಡಿ ತೋರ್ಸಿದಾರೆ. ಅಂದ್ರೆ ಮೊದ್ಲು ವೀಲ್ ಅಲುಗತ್ತೆ, ಆಮೇಲೆ ನಟ್ಟು ಬಿಚ್ಚತ್ತೆ. ನಟ್ಟನ್ನ ಬೈಯೋದ್ ಬಿಟ್ಟು ವೀಲ್ ಯಾಕೆ ಅಲುಗ್ತಿದೆ ಅಂತ ಹುಡುಕ್ಬೇಕು. ಅಲ್ಲೀ ತನಕ ದಯವಿಟ್ಟು ಗಾಡಿ ಓಡ್ಸ್ಬೇಡಿ, ಕಳಚಿದ ಚಕ್ರ ರಸ್ತೇಲಿ ಹೋಗ್ತಿರೋರ ಪ್ರಾಣ ತೆಗೆಯತ್ತೆ.

ಸಮತಟ್ಟಾದ ಜಾಗದಲ್ಲಿ ನಿಲ್ಸಿ, ನೆಲದ ಮೇಲಿರೋ ಚಕ್ರಗಳಿಗೆ ಕಲ್ಲು ಕೊಡಿ, ಜಾಕ್ ಹಾಕಿ, ಜಾಕ್ ಒಂದನ್ನೇ ನಂಬ್ದೆ ಸ್ಟ್ಯಾಂಡ್ ಕೂಡ ಇಡಿ. ಅಮೆರಿಕದ ಹಳೇ ಕ್ರೈಸ್ಲರ್ ಆಕ್ಸಲ್ ಹಾಕಿದ್ರೆ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರ್ಬೋದು, ಅಂದ್ರೆ ಬಲಕ್ಕೆ ತಿರುಗ್ಸಿದ್ರೆ ಬಿಚ್ಚತ್ತೆ, ಸ್ಟಡ್ ತುದೀಲಿ ಎಲ್ ಅಂತ ಗುರುತಿದ್ಯಾ ನೋಡಿ. ನಮ್ ಕಡೆ ಹಳೇ ವಿಲ್ಲೀಸ್ ಜೀಪ್ ಇಟ್ಕೊಂಡೋರಿಗೆ ಇದು ಹೊಸದಲ್ಲ, ಅದ್ರಲ್ಲೂ ಎಡಗಡೆದು ಉಲ್ಟಾನೇ.

ಈಗ ಮುಖ್ಯವಾದ ಕೆಲ್ಸ. ಡ್ರಮ್ ಮುಖ, ವೀಲಿನ ಹಿಂಭಾಗ ಎರಡನ್ನೂ ವೈರ್ ಬ್ರಶ್ ಹಾಕಿ ಬರೀ ಲೋಹ ಕಾಣೋ ತನಕ ಉಜ್ಜಿ. ತುಕ್ಕು, ಪೇಂಟು, ಪೌಡರ್ ಕೋಟು ಯಾವ್ದೂ ಇರ್ಬಾರ್ದು, ಯಾಕಂದ್ರೆ ಬಿಸಿಗೆ ಒತ್ತಡಕ್ಕೆ ಆ ಪದರ ಹಿಂಡ್ಕೊಂಡು ತೆಳ್ಳಗಾದ್ರೆ ಸ್ಟಡ್ಡಿನ ಎಳೆತ ಅಷ್ಟೇ ಕಮ್ಮಿ ಆಗೋಗತ್ತೆ, ಹೊಸದಾಗಿ ಬಣ್ಣ ಹೊಡೆಸಿದ ವೀಲುಗಳಲ್ಲಿ ಇದನ್ನೇ ಮೊದ್ಲು ಅನುಮಾನ ಪಡ್ಬೇಕು. ಡ್ರಮ್ ಹಿಡಿಯೋ ಸ್ಕ್ರೂ ತಲೆ, ರಿವೆಟ್ ತಲೆ, ಫ್ಯಾಕ್ಟರೀಲಿ ಸ್ಟಡ್ಡಿಗೆ ಹಾಕಿರೋ ತಗಡಿನ ಕ್ಲಿಪ್ಪು ಎದ್ದು ನಿಂತಿದ್ರೂ ವೀಲ್ ಪೂರ್ತಿ ಕೂರಲ್ಲ. ಅನುಮಾನ ಇದ್ರೆ ಫಿಟ್ಟರುಗಳು ಬಳಸೋ ಪ್ರಶ್ಯನ್ ಬ್ಲೂ ಅನ್ನೋ ನೀಲಿ ಬಣ್ಣ ಡ್ರಮ್ ಮುಖಕ್ಕೆ ತೆಳ್ಳಗೆ ಸವರಿ ವೀಲ್ ಕೂರ್ಸಿ ಬಿಚ್ಚಿ ನೋಡಿ, ಬಣ್ಣ ಸುತ್ತಲೂ ಅಂಟಿರ್ಬೇಕು. ಎಲ್ಲೋ ಒಂದ್ಕಡೆ ಮಾತ್ರ ಅಂಟಿದ್ರೆ ಕಳ್ಳ ಸಿಕ್ಕ. ಆಮೇಲೆ ಅದನ್ನ ಒರೆಸಿಬಿಡಿ.

ಹಾಟ್ ರಾಡ್‌ನೋರು ಮರೆಯೋ ಇನ್ನೊಂದು ವಿಷ್ಯ ಇದೆ. 1935ರ ತನಕದ ಫೋರ್ಡ್ ವೈರ್ ವೀಲುಗಳನ್ನ 1940-48ರ ಹೈಡ್ರಾಲಿಕ್ ಬ್ರೇಕಿನ ಡ್ರಮ್ಮಿಗೆ ಹಾಕ್ತಾರೆ, ಎರಡಕ್ಕೂ ಐದು ತೂತು, ಐದೂವರೆ ಇಂಚಿನ ವೃತ್ತ, ಹಂಗಾಗಿ ಸಲೀಸಾಗಿ ಕೂರತ್ತೆ. ಆದ್ರೆ ವೀಲಿನ ಮಧ್ಯಭಾಗಕ್ಕೆ ಹಿಂದಿನಿಂದ ಆಸರೆ ಇರಲ್ಲ, ಬಿಗಿ ಮಾಡ್ದಾಗ ತೂತಿನ ಜಾಗ ಬಾಗತ್ತೆ, ಬಿರುಕೂ ಬಿಡ್ಬೋದು. ಇದಕ್ಕೆ ಅಂತಾನೇ ಆಸರೆ ರಿಂಗ್ ಸಿಗತ್ತೆ, ಅದನ್ನ ಹಾಕ್ಲೇಬೇಕು.

ನಂತರ ನಟ್ಟಿನ ತಳ ನೋಡಿ. ಸ್ಟೀಲ್ ವೀಲಿಗೆ ಸಾಮಾನ್ಯವಾಗಿ 60 ಡಿಗ್ರಿ ಇಳಿಜಾರಿನ ನಟ್ಟು, ಕೆಲವು ವೀಲಿಗೆ ಗುಂಡು ತಳದ್ದು, ಹಳೇ ಮ್ಯಾಗ್ ವೀಲುಗಳಿಗೆ (ಹಗುರ ಲೋಹ ಎರಕ ಹೊಯ್ದು ಮಾಡಿದ್ದು) ಉದ್ದ ಕತ್ತು, ಚಪ್ಪಟೆ ವಾಷರ್ ಇರೋದು. ಒಂದ್ರದ್ದು ಇನ್ನೊಂದಕ್ಕೆ ಹಾಕ್ಬಾರ್ದು. ಉದ್ದ ಕತ್ತಿನ ನಟ್ಟಲ್ಲಿ ಕತ್ತು ಹೋಗಿ ಡ್ರಮ್ಮಿಗೆ ತಾಗಿದ್ರೆ ನಟ್ಟು ಬಿಗಿಯಾದಂಗೆ ಅನ್ಸತ್ತೆ, ವೀಲ್ ಮಾತ್ರ ಸಡಿಲಾನೇ ಇರತ್ತೆ. ತುದಿ ಮುಚ್ಚಿರೋ ಕ್ರೋಮ್ ನಟ್ಟಿನ ಕಥೆನೂ ಇದೇ, ಸ್ಟಡ್ ಉದ್ದ ಆದ್ರೆ ಒಳಗೆ ತಲೆ ತಾಗಿ ನಿಂತ್ಬಿಡತ್ತೆ. ತೆರೆದ ನಟ್ಟು ಹಾಕಿ, ಎಷ್ಟು ಸ್ಟಡ್ ಹೊರಗೆ ಬರತ್ತೆ ಅಳೆದ್ರೆ ಗೊತ್ತಾಗತ್ತೆ. ಸ್ಟಡ್ ಗಿಡ್ಡ ಇದ್ರೂ ಅಪಾಯ. ಅರ್ಧ ಇಂಚಿನ, ಇಂಚಿಗೆ 20 ಥ್ರೆಡ್ ಇರೋ ಸ್ಟಡ್ಡಲ್ಲಿ ನಟ್ಟು ಕಮ್ಮಿ ಅಂದ್ರೂ 8 ಸುತ್ತು ಹಿಡೀಬೇಕು.

ಈಗಾಗ್ಲೇ ಲೂಸ್ ಆಗಿ ಓಡಿದ ಚಕ್ರ ಆದ್ರೆ ಆ ಚಕ್ರದ ಅಷ್ಟೂ ಸ್ಟಡ್ ಬದಲಾಯಿಸಿ, ಕಣ್ಣಿಗೆ ಚೆನ್ನಾಗಿ ಕಂಡ್ರೂ ಒಳಗೆ ದಣಿದಿರತ್ತೆ. ವೀಲಿನ ತೂತು ಮೊಟ್ಟೆ ಆಕಾರಕ್ಕೆ ಬಂದಿದ್ರೆ ವೀಲೇ ಬಿಸಾಕಿ, ವೆಲ್ಡಿಂಗ್ ಮಾಡ್ಸಕ್ಕೆ ಹೋಗ್ಬೇಡಿ. ಸ್ಪ್ರಿಂಗ್ ವಾಷರ್, ಥ್ರೆಡ್ ಲಾಕರ್ ಗಮ್ಮು, ಇವೆಲ್ಲ ಕಾಯಿಲೆ ಮುಚ್ಚಿಡೋದೇ ಹೊರತು ವಾಸಿ ಮಾಡಲ್ಲ.

ಜೋಡಿಸೋವಾಗ ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಬೇಡ, ಎಣ್ಣೆ ಇದ್ರೆ ಅದೇ ಟಾರ್ಕಿಗೆ (ತಿರುಗಿಸೋ ಬಲಕ್ಕೆ) ಸ್ಟಡ್ ಜಾಸ್ತಿ ಎಳೆದ್ಬಿಡತ್ತೆ. ಕೈಯಲ್ಲೇ ಎಲ್ಲಾ ನಟ್ಟು ಕೂರ್ಸಿ, ನಕ್ಷತ್ರ ಬರೆಯೋ ತರ ಒಂದು ಬಿಟ್ಟು ಒಂದು, ಮೊದ್ಲು ಅರ್ಧ ಬಿಗಿ, ಚಕ್ರ ನೆಲಕ್ಕೆ ತಾಗಿದ ಮೇಲೆ ಆ ಬಲ ಅಳೆದು ತೋರ್ಸೋ ಟಾರ್ಕ್ ರೆಂಚಲ್ಲಿ ಪೂರ್ತಿ. ಅರ್ಧ ಇಂಚಿನ ಸ್ಟಡ್ಡಿಗೆ ಸುಮಾರು 100ರಿಂದ 115 ನ್ಯೂಟನ್ ಮೀಟರ್, ವೀಲ್ ಕಂಪನಿ ಬೇರೆ ಹೇಳಿದ್ರೆ ಅದೇ ಸರಿ. ಗಾಳಿ ಗನ್ ಬೇಡ. ಪ್ರತಿ ನಟ್ಟಿಂದ ವೀಲಿನ ಮೇಲಕ್ಕೆ ಬಣ್ಣದ ಗೆರೆ ಎಳೀರಿ, 80ರಿಂದ 160 ಕಿಲೋಮೀಟರ್ ಓಡ್ಸಿ, ಚಕ್ರ ತಣ್ಣಗಾದ ಮೇಲೆ ಮತ್ತೆ ರೆಂಚ್ ಹಾಕಿ ನೋಡಿ.

ಅಷ್ಟಾದ್ಮೇಲೂ ಒಂದೇ ಚಕ್ರದ ಗೆರೆ ಜರುಗಿದ್ರೆ ಅದೇ ಆಕ್ಸಲ್ಲಿನ ಇನ್ನೊಂದು ಬದಿ ವೀಲ್ ಜೊತೆ ಅದಲು ಬದಲು ಮಾಡಿ ಪಕ್ಕದ ಬೀದೀಲೇ ನಿಧಾನಕ್ಕೆ ಸ್ವಲ್ಪ ಓಡ್ಸಿ, ನಿಲ್ಲಿಸ್ಕೊಂಡು ಗೆರೆ ನೋಡ್ತಾ ಇರಿ. ತೊಂದ್ರೆ ವೀಲ್ ಜೊತೆ ಆ ಕಡೆ ಹೋದ್ರೆ ತಪ್ಪು ವೀಲಿಂದು, ಅಲ್ಲೇ ಉಳಿದ್ರೆ ಡ್ರಮ್ ಅಥವಾ ಹಬ್ ಮುಖ ಸೊಟ್ಟ ಇದೆ, ಅದನ್ನ ಬಿಚ್ಕೊಂಡು ಲೇತ್ ಕೆಲಸದವ್ರ ಹತ್ರ ತಗೊಂಡ್ಹೋಗಿ.