ಹುಡುಗ ರೈಡರೋ, ಕಾರ್ನರೋ? ಎಳೆಯ ಕಬಡ್ಡಿ ಆಟಗಾರರನ್ನು ಅಳೆಯುವ ಬಗೆ

ಅಂಕೋಲಾ, ಕುಮಟಾ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಒಂದು ತಪ್ಪು ವರ್ಷ ವರ್ಷವೂ ನಡೆಯುತ್ತದೆ. ಚುರುಕಾಗಿ ಓಡುವವನನ್ನು ದಾಳಿಗೆ ಹೋಗುವ ರೈಡರ್ ಮಾಡುತ್ತಾರೆ, ಮೈಕಟ್ಟು ಇದ್ದವನನ್ನು ಹಿಡಿತದ ಸಾಲಿನ ತುದಿಯಾದ ಕಾರ್ನರ್‌ಗೆ ನಿಲ್ಲಿಸುತ್ತಾರೆ, ಉಳಿದವರು ನಡುವೆ ಎಲ್ಲಾದರೂ ನಿಂತರಾಯಿತು. ಹದಿಮೂರರ ಹುಡುಗನಿಗೆ ಒಂದು ಸಂಜೆ ಅಂಟಿಸಿದ ಹಣೆಪಟ್ಟಿ ಕಾಲೇಜು ಮುಗಿದರೂ ಕಳಚುವುದಿಲ್ಲ. ಒಳ್ಳೆಯ ಕವರ್ (ಕಾರ್ನರ್‌ಗಿಂತ ಒಳಗೆ ನಿಂತು ಹಿಡಿತಕ್ಕೆ ನೆರವಾಗುವವನು) ಆಗಬೇಕಾದವನು ಸಾಧಾರಣ ರೈಡರ್ ಆಗಿ, ಜಿಲ್ಲಾ ಮಟ್ಟದ ಬೆಂಚಿನಲ್ಲಿ ಕೂತು, ಕೊನೆಗೆ ಆಟವನ್ನೇ ಬಿಡುತ್ತಾನೆ. ಊರಿನ ಸಂಘದವರು, ದೈಹಿಕ ಶಿಕ್ಷಕರು, ಮಗನ ಆಟ ನೋಡಲು ಬರುವ ಅಪ್ಪ ಅಮ್ಮಂದಿರು ಯಾರಾದರೂ ಮಾಡಬಹುದಾದ, ಹುಡುಗನಿಗೆ ಯಾವ ಜಾಗ ಒಪ್ಪುತ್ತದೆಂದು ತಿಳಿಸುವ ಪರೀಕ್ಷೆ ಮುಂದಿದೆ. ಬೇಕಾದದ್ದು ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್, ಸುಣ್ಣದ ಪುಡಿ ಮತ್ತು ಸ್ವಲ್ಪ ತಾಳ್ಮೆ.

ಮೊದಲು ಅಂಗಳ

ಮರಳಿನ ಮೇಲೆ ಯಾರನ್ನೂ ಅಳೆಯಬೇಡಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಓಡಿಸುವುದು ಕಾಲಿಗೆ ಒಳ್ಳೆಯದೇ. ಆದರೆ ಮರಳು ರೈಡರ್‌ನ ಮೊದಲ ಹೆಜ್ಜೆಯನ್ನು ನುಂಗಿಬಿಡುತ್ತದೆ. ತಿರುಗಿ ಓಡಲಾಗದೆ ಅವನು ಸಿಕ್ಕಿಬೀಳುತ್ತಾನೆ, ಹಿಡಿದವನು ಹುಲಿಯಂತೆ ಕಾಣುತ್ತಾನೆ. ಗಟ್ಟಿ ಮಣ್ಣಿನ ಅಂಗಳ ಸಾಕು, ಮ್ಯಾಟ್ ಸಿಕ್ಕರೆ ಇನ್ನೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅಂಗಳ ಕೆಸರುಗದ್ದೆಯಾಗುವುದರಿಂದ ಈ ಕೆಲಸವನ್ನು ಮಳೆಗೆ ಮೊದಲೇ ಮುಗಿಸಿ, ಇಲ್ಲವೇ ಶಾಲೆಯ ಸಭಾಂಗಣ ಕೇಳಿ.

ಗೆರೆಗಳನ್ನು ಅಳತೆ ಹಿಡಿದೇ ಎಳೆಯಿರಿ. ಹಿರಿಯ ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12ಕ್ಕೆ 8. ಚಿಕ್ಕ ಹುಡುಗರನ್ನು ದೊಡ್ಡವರ ಅಂಕಣದಲ್ಲಿ ಆಡಿಸಿದರೆ ರೈಡರ್‌ಗಳೆಲ್ಲ ಅದ್ಭುತವಾಗಿ ಕಾಣುತ್ತಾರೆ, ಯಾಕೆಂದರೆ ತಪ್ಪಿಸಿಕೊಳ್ಳಲು ಅಷ್ಟು ಜಾಗ ಇರುತ್ತದೆ. ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ ಪಟ್ಟಿಯನ್ನೂ ಮರೆಯದೆ ಎಳೆಯಿರಿ. ಊರಿನ ಅಂಗಳಗಳಲ್ಲಿ ಲಾಬಿಗೆ ಗೆರೆಯೇ ಇರುವುದಿಲ್ಲ. ಅಲ್ಲಿ ಆಡಿ ಬೆಳೆದ ಹುಡುಗ ಆಯ್ಕೆಗೆ ಹೋದಾಗ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟು ಸೆಲ್ಫ್ ಔಟ್ ಆಗುತ್ತಾನೆ.

ಉಸಿರು ಮತ್ತು ಓಟ

ಇದು ಸುಲಭ. ಮಧ್ಯದ ಗೆರೆಯಿಂದ, ದಾಳಿಯಲ್ಲಿ ರೈಡರ್ ದಾಟಬೇಕಾದ ಬಾಕ್ ಲೈನ್‌ವರೆಗೆ 30 ಸೆಕೆಂಡ್ ಹೋಗಿ ಬರುತ್ತಾ ‘ಕಬಡ್ಡಿ ಕಬಡ್ಡಿ’ ಎನ್ನಲಿ. ದನಿ ಅಂಪೈರ್‌ಗೆ ಕೇಳುವಂತೆ, ಕಡಿಯದಂತೆ ಇದ್ದರೆ ಪಾಸು. ನೂರು ಮೀಟರ್ ಓಟದ ಸಮಯ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಆರೂವರೆ ಮೀಟರಿನ ಅರ್ಧ ಅಂಕಣದಲ್ಲಿ ನೂರು ಮೀಟರ್ ಓಡಲು ಜಾಗ ಎಲ್ಲಿದೆ?

ದಾಳಿ: ಹೋಗುವುದನ್ನಲ್ಲ, ಬರುವುದನ್ನು ನೋಡಿ

ಮುಟ್ಟುವುದು ಎಲ್ಲರಿಗೂ ಬರುತ್ತದೆ. ಮುಟ್ಟಿದ ಮೇಲೆ ಮನೆಗೆ ಬರುವುದು ಕೆಲವರಿಗೆ ಮಾತ್ರ. ಹುಡುಗನಿಂದ ಒಂದಾದ ಮೇಲೊಂದು ದಾಳಿ ಮಾಡಿಸಿ, ಅಂಕ ಲೆಕ್ಕ ಹಾಕಬೇಡಿ. ಮೂರು ಸಂಗತಿ ಬರೆದುಕೊಳ್ಳಿ. ಬೋನಸ್ ಅಂಕಕ್ಕೆ ಬೋನಸ್ ಗೆರೆಯಾಚೆ ಎಡ, ಬಲ ಯಾವ ಕಾಲನ್ನಾದರೂ ಚಾಚುತ್ತಾನೋ, ಯಾವಾಗಲೂ ಒಂದೇ ಕಾಲನ್ನೋ? ಹಿಂದೆ ಸರಿಯುವಾಗ ಎದುರಾಳಿಗೆ ಬೆನ್ನು ತೋರಿಸುತ್ತಾನೋ? ಏನೂ ಸಿಗದ ದಾಳಿಯಲ್ಲಿ ಬಾಕ್ ಲೈನ್ ದಾಟಿ ಸಮಾಧಾನದಿಂದ ವಾಪಸಾಗುತ್ತಾನೋ, ಇಲ್ಲ ಕೈ ಬೀಸಿ ಸಿಕ್ಕಿಬೀಳುತ್ತಾನೋ? ಮೂರನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಖಾಲಿ ದಾಳಿ ಮಾಡಲು ನಾಚದ ಹುಡುಗನಿಗೆ ತಲೆ ತಣ್ಣಗಿದೆ ಎಂದರ್ಥ.

ದಾಳಿ ಮುಗಿಸಿ ಬಂದ ಕೂಡಲೇ ಕೇಳಿ: “ತಮಾ, ಒಳಗೆ ಎಷ್ಟು ಜನ ಇದ್ರು?” ಆರು ಅಥವಾ ಏಳು ಮಂದಿ ಇದ್ದರೆ ಮಾತ್ರ ಬೋನಸ್ ಅಂಕ, ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಸಿಕ್ಕಿಬಿದ್ದರೆ ಎದುರಾಳಿಗೆ ಸೂಪರ್ ಟ್ಯಾಕಲ್ ಎಂದು ಒಂದು ಅಂಕ ಹೆಚ್ಚು. ಎಣಿಕೆ ಗೊತ್ತಿಲ್ಲದೆ ದಾಳಿಗೆ ಹೋಗುವವನು ಎಷ್ಟೇ ವೇಗದವನಾದರೂ ರೈಡರ್ ಎಂದು ಬರೆಯಬೇಡಿ.

ಇನ್ನು ಡುಬ್ಕಿ. ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ ರೈಡರ್ ಪರ್ದೀಪ್ ನರ್ವಾಲ್ ಹಿಡಿತಗಾರರ ಸರಪಳಿಯ ಕೆಳಗೆ ನುಸುಳಿ ಬರುವುದನ್ನು ರೀಲ್ಸ್‌ನಲ್ಲಿ ನೋಡಿದ ಪ್ರತಿ ಹುಡುಗನೂ ಅದನ್ನೇ ಮಾಡಿ ತೋರಿಸುತ್ತಾನೆ. ಅದಕ್ಕೆ ಸೊನ್ನೆ ಅಂಕ ಕೊಡಿ. ಹದಿನಾಲ್ಕರಲ್ಲಿ ನೋಡಬೇಕಾದದ್ದು ಕೈ ಮುಟ್ಟು, ಕಾಲ ತುದಿಯ ಮುಟ್ಟು, ಬೋನಸ್ ಇವಿಷ್ಟೇ.

ಹಿಡಿತ: ಎಲ್ಲರೂ ಎಡವುವ ಜಾಗ

ಕಾರ್ನರ್ ಯಾರು, ಕವರ್ ಯಾರು ಎಂದು ಗುರುತಿಸುವುದೇ ಇಡೀ ಕೆಲಸದಲ್ಲಿ ಕಷ್ಟದ್ದು. ಬಲ ನೋಡಿ ಇದನ್ನು ತೀರ್ಮಾನಿಸಲು ಬರುವುದಿಲ್ಲ. ರಂಪಣಿ ಬಲೆಯ ಹಗ್ಗ ಎಳೆದು ಬೆಳೆದ ಹುಡುಗನ ಮುಷ್ಟಿ ಗಟ್ಟಿ ಇರುತ್ತದೆ ನಿಜ, ಆದರೆ ಮುಷ್ಟಿ ಯಾವ ಕ್ಷಣ ಮುಚ್ಚಬೇಕು ಎನ್ನುವುದನ್ನು ಹಗ್ಗ ಕಲಿಸುವುದಿಲ್ಲ.

ನಾಲ್ವರನ್ನು ನಿಲ್ಲಿಸಿ: ಎರಡು ಕಾರ್ನರ್, ಎರಡು ಕವರ್. ದಾಳಿಗೆ ಸ್ವಲ್ಪ ದೊಡ್ಡ ಹುಡುಗನೊಬ್ಬನನ್ನು ಕಳಿಸಿ. ಊರಿನ ಸ್ಟಾರ್ ಬೇಡ, ಅವನು ಎಲ್ಲರನ್ನೂ ಔಟ್ ಮಾಡಿ ನಿಮ್ಮ ಪರೀಕ್ಷೆ ಕೆಡಿಸುತ್ತಾನೆ. ಮೊದಲ ಕೆಲವು ದಾಳಿಗಳಲ್ಲಿ ಯಾರನ್ನೂ ಮುಟ್ಟದೆ ಸುಮ್ಮನೆ ಅತ್ತಿತ್ತ ನಡೆದು ಬಾ ಎಂದು ಅವನಿಗೆ ಗುಟ್ಟಾಗಿ ಹೇಳಿ. ನೀವು ಅಂತಿಮ ಗೆರೆಯ ಹಿಂದೆ ಕೂತು ಹುಡುಗರ ಪಾದ ಮಾತ್ರ ನೋಡಿ.

ರೈಡರ್ ಎಡಕ್ಕೆ ಹೋದಾಗ ಬಲ ಕಾರ್ನರ್‌ನಲ್ಲಿ ಇರುವವನು ಏನು ಮಾಡುತ್ತಾನೆ? ಹೆಚ್ಚಿನವರು ಹಿಮ್ಮಡಿಯ ಮೇಲೆ ನೆಟ್ಟಗೆ ನಿಂತು ನೋಡುತ್ತಾರೆ. ಒಬ್ಬಿಬ್ಬರು ಮಾತ್ರ ಮಂಡಿ ಬಾಗಿಸಿಕೊಂಡೇ ಮುಂಗಾಲ ಮೇಲೆ ಸಣ್ಣ ಹೆಜ್ಜೆಯಲ್ಲಿ ಮುಂದೆ ಸರಿಯುತ್ತಾರೆ, ರೈಡರ್ ತಿರುಗಿದ ಕೂಡಲೇ ಹಿಂದೆ ಸರಿಯುತ್ತಾರೆ. ಕಾರ್ನರ್ ಆಗುವವರು ಅವರೇ. ರೈಡರ್ ತನ್ನ ಕಡೆ ಇಲ್ಲದಾಗ ಕಾಲು ಸತ್ತುಹೋಗುವ ಹುಡುಗನನ್ನು, ಎಷ್ಟೇ ಚೆನ್ನಾಗಿ ಹಿಡಿದರೂ, ಕಾರ್ನರ್ ಎಂದು ಬರೆಯಬೇಡಿ.

ಆಮೇಲೆ ರೈಡರ್‌ಗೆ ಬೋನಸ್ ಹೊಡೆಯಲು ಹೇಳಿ. ಆಂಕಲ್ ಹೋಲ್ಡ್‌ನ ಗುಟ್ಟು ಇಷ್ಟೇ: ಚಾಚಿದ ಕಾಲಿನ ಮೇಲೆ ಮೈಭಾರ ಬೀಳುವ ಮೊದಲು ಹಿಡಿಯಬೇಕು. ಆಗ ಅವನ ಭಾರವೆಲ್ಲ ಹಿಂದಿನ ಕಾಲಿನಲ್ಲಿರುತ್ತದೆ. ಎರಡೂ ಕೈಯಲ್ಲಿ ಪಾದದ ಗಂಟು ಹಿಡಿದು ಎದೆಗೆ ಎತ್ತಿ ಹಿಂದಕ್ಕೆ ಎಳೆದರೆ ಒಂಟಿ ಕಾಲಲ್ಲಿ ಕುಣಿಯುವುದು ಬಿಟ್ಟು ಅವನಿಗೆ ದಾರಿಯಿಲ್ಲ. ಭಾರ ಊರಿದ ಮೇಲೆ ಹಿಡಿದರೆ ಅದೇ ಕಾಲಿನಿಂದ ಚಿಮ್ಮಿ ಹಿಡಿದವನನ್ನೂ ಎಳೆದುಕೊಂಡು ಮಧ್ಯದ ಗೆರೆ ಮುಟ್ಟುತ್ತಾನೆ. ಕಾಲು ಬರುವ ಮೊದಲೇ ಹಾರಿದರಂತೂ ಅಂಕ ದಾನ ಮಾಡಿದಂತೆ. ಇದಕ್ಕೆ ಅಡ್ವಾನ್ಸ್ ಟ್ಯಾಕಲ್ ಎನ್ನುತ್ತಾರೆ, ನಮ್ಮ ಹುಡುಗರ ದೊಡ್ಡ ಕಾಯಿಲೆಯೇ ಇದು. ಹಿಡಿತ ತಪ್ಪಿದರೂ ಸಮಯ ಸರಿ ಇದ್ದರೆ ಹೆಚ್ಚು ಅಂಕ ಕೊಡಿ. ಸಮಯ ತಪ್ಪಿದ್ದರೂ ಬಲದಿಂದ ನಿಲ್ಲಿಸಿದವನಿಗೆ ಕಡಿಮೆ ಕೊಡಿ. ತನಗಿಂತ ಭಾರದ ರೈಡರ್ ಎದುರಾದ ದಿನ ಅವನ ಬಲ ಸಾಲದು. ತಲೆ ಎಲ್ಲಿಡುತ್ತಾನೆ ಎನ್ನುವುದನ್ನೂ ಗಮನಿಸಿ. ರೈಡರ್‌ನ ಮೊಣಕಾಲಿಗೆ ನೇರವಾಗಿ ಮುಖ ಕೊಡುವವನ ಹಲ್ಲು ಉಳಿಯುವುದಿಲ್ಲ. ಮೊದಲು ಅದನ್ನು ತಿದ್ದಿ, ಆಮೇಲೆ ಅಳೆಯಿರಿ.

ಕವರ್‌ನ ಕೆಲಸ ಬೇರೆ. ಕಾರ್ನರ್ ಹಿಡಿದ ಮರುಗಳಿಗೆ ಬಂದು ಬ್ಲಾಕ್ ಮಾಡಬೇಕು, ಇಲ್ಲವೇ ಬದಿಯ ಗೆರೆಯ ಹತ್ತಿರ ಇರುವವನನ್ನು ಡ್ಯಾಶ್ ಹೊಡೆದು ಹೊರಗೆ ಹಾಕಬೇಕು. ಪರೀಕ್ಷೆಗೆ ಒಂದು ಸಣ್ಣ ಕಪಟ ಮಾಡಿ. ಹಿಡಿಯುವಂತೆ ಬಗ್ಗಿ ಬಿಟ್ಟುಬಿಡು ಎಂದು ಕಾರ್ನರ್‌ಗೆ ಹೇಳಿ. ಕವರ್‌ನಲ್ಲಿ ಇರುವವನು ಕಾರ್ನರ್‌ನ ಭುಜ ನೋಡಿ ನುಗ್ಗಿದರೆ ಮೋಸ ಹೋಗುತ್ತಾನೆ. ರೈಡರ್‌ನ ಸೊಂಟ ನೋಡುತ್ತಿದ್ದವನು ನಿಲ್ಲುತ್ತಾನೆ, ಯಾಕೆಂದರೆ ಹಿಡಿತ ಬಿದ್ದರೆ ಸೊಂಟ ತಡೆದು ನಿಲ್ಲುತ್ತದೆ, ಬೀಳದಿದ್ದರೆ ಇಲ್ಲ. ಈ ಕಪಟಕ್ಕೆ ಬೀಳದ, ಆದರೆ ನಿಜವಾದ ಹಿಡಿತಕ್ಕೆ ತಡಮಾಡದೆ ಬರುವ ಹುಡುಗ ಸಿಕ್ಕರೆ ಅವನನ್ನು ಬರೀ ರೈಡರ್ ಮಾಡಿ ಹಾಳು ಮಾಡಬೇಡಿ.

ಕುಸ್ತಿಯಿಂದ ಬಂದವರನ್ನು ಬೇರೆಯಾಗಿ ನೋಡಿ. ನಮ್ಮ ಹಳಿಯಾಳದಲ್ಲಿ ಗರಡಿ ಮನೆಯ ಹುಡುಗರಿಗೆ ಕೊರತೆಯಿಲ್ಲ. ಭಾರತದ ಆಲ್‌ರೌಂಡರ್ ಆಗಿದ್ದ ಮಂಜೀತ್ ಛಿಲ್ಲರ್ ಕೂಡ ಕುಸ್ತಿಯಿಂದಲೇ ಕಬಡ್ಡಿಗೆ ಬಂದವರು. ಇಂಥವರಿಗೆ ಸೊಂಟದ ಹಿಡಿತ, ತೊಡೆಯ ಹಿಡಿತ ಹುಟ್ಟಿನಿಂದ ಬಂದಂತೆ ಇರುತ್ತದೆ, ಆದರೆ ಒಬ್ಬರೇ ಮುಗಿಸಲು ಹೋಗುತ್ತಾರೆ. ಸರಪಳಿಯಲ್ಲಿ ಪಕ್ಕದವನ ಕೈ ಹಿಡಿದು ಆಡಲು ಕೆಲವು ತಿಂಗಳು ಕೊಟ್ಟು ಆಮೇಲೆ ನಿರ್ಧರಿಸಿ.

ಇಡೀ ಹಿಡಿತದ ಪರೀಕ್ಷೆಯನ್ನು ಜಾಗ ಬದಲಿಸಿ ಮತ್ತೆ ಮಾಡಿ. ಎಡ ಕಾರ್ನರ್‌ನಲ್ಲಿ ಕಣ್ಣು ಮುಚ್ಚಿ ಹಿಡಿಯುವವನು ಬಲಕ್ಕೆ ನಿಂತರೆ ಎಡವುತ್ತಾನೆ. ಇರಾನಿನ ಫಜಲ್ ಅತ್ರಾಚಲಿ ಹೆಸರು ಮಾಡಿದ್ದು ಎಡ ಕಾರ್ನರ್‌ನಲ್ಲಿ. ಹಾಗೆಂದು ಎಲ್ಲರನ್ನೂ ಅಲ್ಲಿಗೇ ತಳ್ಳಬೇಡಿ. ಒಮ್ಮೆ ಅಭ್ಯಾಸದ ಕೊನೆಯಲ್ಲಿ, ಹುಡುಗರು ದಣಿದಾಗಲೂ ನೋಡಿ. ದಣಿದಾಗ ಮೊದಲು ನೆಟ್ಟಗಾಗುವುದು ಮಂಡಿ.

ಕೊಳ್ಳುವವರಿಗೆ ಒಂದು ಮಾತು: ಜಾತ್ರೆ ಅಂಗಡಿಯ ಸ್ಪಂಜಿನ ನೀ ಕ್ಯಾಪ್ ಎರಡನೇ ಹಿಡಿತಕ್ಕೇ ಪಾದಕ್ಕೆ ಜಾರುತ್ತದೆ, ಮಂಡಿ ಬಾಗಿಸಲೂ ಬಿಡುವುದಿಲ್ಲ. ಅದಿಲ್ಲದೆ ಆಡುವುದೇ ವಾಸಿ. ಚೀಟಿಯಿಲ್ಲದ ಡಬ್ಬಿಯ ಪ್ರೋಟೀನ್ ಪುಡಿಯನ್ನು ಮಕ್ಕಳಿಗೆ ಕೊಡುವವರ ಹತ್ತಿರ ನಾನು ವಾದವನ್ನೇ ಮಾಡುವುದಿಲ್ಲ. ಬಂಗುಡೆ ಸಾರು, ಮೊಟ್ಟೆ, ಶಿರಸಿ ಕಡೆಯವರಾದರೆ ಹಾಲು, ಕಾಳು ಇವಿಷ್ಟು ಸಾಕು.

ಮೈ ಬೆಳೆಯುವ ಲೆಕ್ಕ

ಹುಡುಗರ ಎತ್ತರ ಜೋರಾಗಿ ಏರುವುದು ಸರಾಸರಿ 14ರ ಹೊತ್ತಿಗೆ, ಹುಡುಗಿಯರದ್ದು 12ರ ಹೊತ್ತಿಗೆ. ಒಂದೇ ತರಗತಿಯಲ್ಲಿ ಮೀಸೆ ಚಿಗುರಿದವನೂ ಇರುತ್ತಾನೆ, ದನಿ ಒಡೆಯದವನೂ ಇರುತ್ತಾನೆ. ಮೊದಲು ಬೆಳೆದವನು ಇವತ್ತು ಗೆಲ್ಲುವುದು ಮೈಯಿಂದ, ಆಟದಿಂದಲ್ಲ. ಆದ್ದರಿಂದ ನೋಟ್‌ಬುಕ್‌ನಲ್ಲಿ ವಯಸ್ಸಿನ ಪಕ್ಕ ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ ಬರೆದಿಡಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಎತ್ತರ ಹಠಾತ್ತನೆ ಏರಿದ ವರ್ಷ ಕಾಲು ಹೇಳಿದಂತೆ ಕೇಳುವುದಿಲ್ಲ. ಆ ವರ್ಷ ಯಾರನ್ನೂ ತಂಡದಿಂದ ಕೈಬಿಡಬೇಡಿ.

ತೂಕದ ವಿಭಾಗದ ಪಂದ್ಯಾವಳಿಗಾಗಿ ಹಿಂದಿನ ದಿನ ಅನ್ನ, ನೀರು ಬಿಡಿಸಿ ಮಕ್ಕಳನ್ನು ತಕ್ಕಡಿ ಹತ್ತಿಸುವುದು ನಮ್ಮ ಕರಾವಳಿಯಲ್ಲಿ ಮಾಮೂಲು. ಆ ದಿನದ ಆಟ ನೋಡಿ ಏನನ್ನೂ ಬರೆಯಬೇಡಿ. ಹಾಗೆ ಬಿಡಿಸುವ ಸಂಘಕ್ಕೆ ಮಗನನ್ನು ಕಳಿಸಲೂ ಬೇಡಿ.

ಜಾಗ ಗೊತ್ತು ಮಾಡುವುದು

ನನ್ನ ಕಟ್ಟುನಿಟ್ಟು ಹೀಗಿದೆ: ಮೊದಲ ವರ್ಷ ಪ್ರತಿಯೊಬ್ಬರೂ ಕಾರ್ನರ್‌ನಲ್ಲಿ ನಿಲ್ಲಬೇಕು, ಹದಿನಾರರವರೆಗೆ ದಾಳಿ, ಹಿಡಿತ ಎರಡನ್ನೂ ಆಡಬೇಕು. ಹಿಡಿತದ ರುಚಿ ಕಂಡ ರೈಡರ್‌ಗೆ ಕಾರ್ನರ್ ಯಾವಾಗ ಬಗ್ಗುತ್ತಾನೆಂದು ಮೊದಲೇ ಗೊತ್ತಾಗುತ್ತದೆ. ಹುಡುಗಿಯರಿಗೂ ಇದೇ ನಿಯಮ. ಪಕ್ಕದ ಉಡುಪಿ ಜಿಲ್ಲೆಯ ಕಾರ್ಕಳ ಕಡೆಯ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೇಲೂ, ಹುಡುಗಿಯರನ್ನು ಲೆಕ್ಕ ಭರ್ತಿಗೆ ನಿಲ್ಲಿಸುವ ಶಾಲೆಗಳು ನಮ್ಮಲ್ಲಿ ಇನ್ನೂ ಇವೆ.

ಶಾಲಾ ಕ್ರೀಡಾಕೂಟದಲ್ಲಿ ಕಾರವಾರ, ಶಿರಸಿ ಎರಡು ಬೇರೆ ಬೇರೆ ಶೈಕ್ಷಣಿಕ ಜಿಲ್ಲೆಗಳು, ಅದನ್ನು ದಾಟಿದರೆ ಬೆಳಗಾವಿ ವಿಭಾಗ. ಅಲ್ಲಿ ಆಯ್ಕೆಗಾರರು ಕೇಳುವ ಮೊದಲ ಪ್ರಶ್ನೆ “ಯಾವ ಪೊಸಿಷನ್?” ಎಂದು. “ಎಲ್ಲಾ ಆಡ್ತೆ ಸರ್” ಎಂದವನನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಾರೆ. ಹುಡುಗನನ್ನು ಕಳಿಸುವ ಮೊದಲು ನೋಟ್‌ಬುಕ್ ತೆರೆದು ಅವನಿಗೆ ತೋರಿಸಿ, ಎರಡು ಜಾಗ ಹೇಳಿಕೊಡಿ: ಮೊದಲನೆಯದು ಅವನು ಈಗ ಚೆನ್ನಾಗಿ ಆಡುವುದು, ಎರಡನೆಯದು ತಂಡಕ್ಕೆ ಕೊರತೆ ಬಿದ್ದರೆ ನಿಲ್ಲಬಲ್ಲದ್ದು. ಬಲ ಕವರ್, ಬೇಕಾದರೆ ಬಲ ಕಾರ್ನರ್. ಇಷ್ಟು ಹೇಳಿದರೆ ಸಾಕು.